ಬಣ್ಣ ಬಳಿದೂ ಬರಿ ತಗಡಿನಂತೆ ಕಾಣಬೇಕೆಂದರೆ

ಹಾಟ್ ರಾಡ್, ಅಂದರೆ ಹಳೆಯ ಕಾರನ್ನು ಮಾರ್ಪಡಿಸಿದ ಗಾಡಿ, ಕಟ್ಟುವವರಿಗೆ ಗಾಡಿ ಅತ್ಯಂತ ಚೆನ್ನಾಗಿ ಕಾಣುವುದು ಬಣ್ಣಕ್ಕೆ ಹೋಗುವ ಹಿಂದಿನ ದಿನ. 1932ರ ಫೋರ್ಡ್ ಕೂಪೆ (ಎರಡು ಬಾಗಿಲಿನ ಕಾರು) ಒಂದರ ಚಾವಣಿ ಹೊರುವ ಕಂಬಗಳನ್ನು ಕತ್ತರಿಸಿ, ಚಾವಣಿಯನ್ನು ಮೂರು ಇಂಚು ತಗ್ಗಿಸಿ ಮತ್ತೆ ಬೆಸೆದಿದ್ದಾರೆ ಎಂದುಕೊಳ್ಳಿ. ಬೆಸುಗೆಯ ಅಕ್ಕಪಕ್ಕ ನೀಲಿ-ಕಂದು ಛಾಯೆ, ಗ್ರೈಂಡರ್ ಓಡಿದ ಕಡೆ ಬಿಲ್ಲಿನಂಥ ಗೀರು, ಸುತ್ತಿಗೆ ಬಿದ್ದ ಕಡೆ ಮಸುಕು ಕಲೆ. ಆಗಲೇ ಮಾಲೀಕನಿಗೆ ಅನ್ನಿಸುವುದು: ಇದನ್ನು ಹೀಗೇ ಬಿಟ್ಟರೆ ಹೇಗೆ?

ಬಿಡೋಕೆ ಆಗುವುದಿಲ್ಲ, ಎರಡು ಕಾರಣಕ್ಕೆ. ಒಂದು, ತೊಂಬತ್ತು ವರ್ಷ ದಾಟಿದ ಬಾಡಿಯಲ್ಲಿ ಎಲ್ಲೋ ಒಂದು ಕಡೆ ಪುಟ್ಟಿ ಇದ್ದೇ ಇರುತ್ತದೆ. ತಗಡು ತೋರಿಸಹೊರಟರೆ ಪುಟ್ಟಿಯನ್ನೂ ತೋರಿಸಬೇಕಾಗುತ್ತದೆ. ಎರಡು, ತುಕ್ಕು. ಬರಿ ಉಕ್ಕಿನ ಮೇಲೆ ನೇರವಾಗಿ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆದರೆ ಸಾಕಲ್ಲ ಎನ್ನುವವರಿದ್ದಾರೆ. ಪ್ರೈಮರ್‌ನಲ್ಲಿರುವ ತುಕ್ಕು ತಡೆಯುವ ಗುಣ ಕ್ಲಿಯರ್‌ನಲ್ಲಿಲ್ಲ, ನುಣುಪು ಲೋಹದ ಮೇಲೆ ಅದರ ಹಿಡಿತವೂ ಕಮ್ಮಿ. ಒಂದು ಕಲ್ಲೇಟು ಬಿದ್ದ ಕಡೆಯಿಂದ ತೇವ ಒಳನುಗ್ಗಿ, ಕ್ಲಿಯರ್‌ನ ಅಡಿಯಲ್ಲೇ ಹುಳು ಹರಿದಂತೆ ಎಳೆ ಎಳೆಯಾಗಿ ತುಕ್ಕು ಹಬ್ಬುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಇದಕ್ಕೆ ಹೆಚ್ಚು ದಿನ ಬೇಕಾಗಿಲ್ಲ. ಹಾಗಾಗಿ ಇರುವ ದಾರಿ ಒಂದೇ: ಪದ್ಧತಿ ಪ್ರಕಾರ ಪ್ರೈಮರ್, ಪುಟ್ಟಿ ಎಲ್ಲ ಮುಗಿಸಿ, ಅದರ ಮೇಲೆ ತಗಡಿನ ಚಿತ್ರ ಬರೆಯುವುದು.

ಈ ವೇಷ ಹೊಸದೂ ಅಲ್ಲ. ಎರಡನೇ ಮಹಾಯುದ್ಧದ ಪಿ-51 ಮಸ್ಟಾಂಗ್ ವಿಮಾನವನ್ನು ನೋಡಿ ಇಡೀ ವಿಮಾನವೇ ಬರಿ ಅಲ್ಯೂಮಿನಿಯಂ ಎಂದುಕೊಳ್ಳುತ್ತೇವೆ. ನಡುವಿನ ಒಡಲು ಹೌದು. ರೆಕ್ಕೆ ಮಾತ್ರ ಹಾಗಲ್ಲ. ಗಾಳಿ ನಯವಾಗಿ ಜಾರಲೆಂದು ರೆಕ್ಕೆಯ ರಿವೆಟ್ ಸಾಲುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬೆಳ್ಳಿ ಬಣ್ಣ ಹೊಡೆಯುತ್ತಿದ್ದರು.

ಬೆಳ್ಳಿ ಬಣ್ಣ ಹೊಡೆದ ಮಾತ್ರಕ್ಕೆ ತಗಡು ಕಾಣುವುದಿಲ್ಲ, ಸಿಲ್ವರ್ ಕಲರ್ ಟ್ಯಾಕ್ಸಿ ಕಾಣುತ್ತದೆ. ಕಣ್ಣು ಲೋಹವನ್ನು ಗುರುತಿಸುವುದು ಗೀರಿನಿಂದ, ಶಾಖದ ಕಲೆಯಿಂದ. ಕೆಲಸದ ಮುಕ್ಕಾಲು ಪಾಲು ಅಲ್ಲೇ ಇದೆ.

ತಳದ ಕೆಲಸದಲ್ಲಿ ಹೊಸತೇನಿಲ್ಲ. ತಗಡಿಗೆ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಪುಟ್ಟಿ, ಅದರ ಮೇಲೆ 2ಕೆ (ಹಾರ್ಡನರ್ ಬೆರೆಸಿ ಬಳಸುವ) ಫಿಲ್ಲರ್ ಪ್ರೈಮರ್ ಮೂರು ಕೋಟ್. ತಗ್ಗು-ದಿಣ್ಣೆ ತೋರಿಸಿಕೊಡುವ ತೆಳು ಗೈಡ್ ಕೋಟ್ ಹಾಕಿ, ಉದ್ದನೆಯ ಬ್ಲಾಕ್‌ನಲ್ಲಿ 180, ಆಮೇಲೆ 320, ಕೊನೆಗೆ 500ರ ಸ್ಯಾಂಡ್ ಪೇಪರ್. ಇಷ್ಟೆಲ್ಲ ಗೀರು ಬೀಳುತ್ತದಲ್ಲ, ತಗ್ಗು-ದಿಣ್ಣೆ ಯಾರಿಗೆ ಕಾಣುತ್ತೆ ಎಂದು ಬ್ಲಾಕ್ ಕೆಲಸದಲ್ಲಿ ಕೈ ಬಿಗಿ ಮಾಡಬೇಡಿ. ಗೀರಿನ ಸಾಲು ತಗ್ಗನ್ನು ಮುಚ್ಚುವುದಿಲ್ಲ, ಬೆಳಕನ್ನು ಅಲ್ಲಿಗೇ ಎಳೆದು ತಂದು ತೋರಿಸುತ್ತದೆ.

ಇನ್ನು ಬಣ್ಣ. ಸಿಲ್ವರ್ ಬೇಸ್ ಕೋಟ್ (ಕ್ಲಿಯರ್‌ನ ಅಡಿಗೆ ಬರುವ ಬಣ್ಣ) ಕೊಳ್ಳುವಾಗ ಅತಿ ಸಣ್ಣ ಕಣದ್ದನ್ನೇ ಕೇಳಿ, ಸುಮಾರು 10ರಿಂದ 15 ಮೈಕ್ರಾನ್. ದಪ್ಪ ಕಣದ್ದು ಬಿಸಿಲಿಗೆ ಮಿನುಗುತ್ತದೆ, ಉಕ್ಕು ಮಿನುಗುವುದಿಲ್ಲ. ಡಬ್ಬಿಯಲ್ಲಿ ಬಂದ ಸಿಲ್ವರ್ ಅಲ್ಯೂಮಿನಿಯಂನಷ್ಟು ಬೆಳ್ಳಗಿರುತ್ತದೆ; ಉಕ್ಕು ಅದಕ್ಕಿಂತ ಕಪ್ಪು, ಒಂಚೂರು ಬೆಚ್ಚಗಿನ ಬೂದು. ಒಂದು ಲೀಟರ್ ಸಿಲ್ವರ್‌ಗೆ 30 ಮಿಲಿ ಕಪ್ಪು, 5 ಮಿಲಿ ಕಂದು ಸೇರಿಸಿ ಶುರು ಮಾಡಿ; ಅಲ್ಲಿಂದ ಮುಂದೆ ಐದೈದು ಮಿಲಿಯಂತೆ ಹೆಚ್ಚಿಸಿ. ಪಕ್ಕದಲ್ಲಿ ಉಜ್ಜಿದ ಒಂದು ತುಂಡು ನಿಜವಾದ ತಗಡು ಇರಲಿ, ಅದಕ್ಕೆ ಹೋಲಿಸಿ. ಮೊಬೈಲ್‌ನಲ್ಲಿ ತೆಗೆದ ಫೋಟೊಗೆ ಹೋಲಿಸಿದರೆ ಖಂಡಿತ ತಪ್ಪುತ್ತೀರಿ.

ಸಿಲ್ವರ್‌ನ ಅಡಿಗೆ ಕಡುಬೂದು ಅಥವಾ ಕಪ್ಪು ನೆಲೆಬಣ್ಣ ಬೇಕೇ ಬೇಕು. ಯಾಕೆಂದು ಹೇಳಬೇಕಾದರೆ ಈ ಕೆಲಸದಲ್ಲಿ ಹೆಚ್ಚಿನವರು ಸೋಲುವ ಜಾಗಕ್ಕೆ ಬರಬೇಕು.

ಸಿಲ್ವರ್ ಒಣಗಿದ ಮೇಲೆ ಸ್ಕಾಚ್-ಬ್ರೈಟ್ ಪ್ಯಾಡ್ ಎಳೆಯುತ್ತಾರೆ. ಗೀರು ಸೊಗಸಾಗಿ ಕಾಣುತ್ತದೆ. ಕ್ಲಿಯರ್ ಹೊಡೆಯುತ್ತಾರೆ, ಗೀರು ಮಾಯ! ಗೀರು ಬಿದ್ದ ಗಾಜಿನ ಮೇಲೆ ನೀರು ಹರಿದಾಗ ಗೀರು ಕಾಣದಂತಾಗುತ್ತದಲ್ಲ, ಅದೇ ಸಂಗತಿ. ಕ್ಲಿಯರ್ ಆ ಗೀರಿನೊಳಗೆ ತುಂಬಿಕೊಳ್ಳುತ್ತದೆ. ಬೇಸ್ ಕೋಟ್‌ನ ಅಂಟೂ ಕ್ಲಿಯರ್‌ನ ಅಂಟೂ ಬೆಳಕನ್ನು ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಬಾಗಿಸುವುದರಿಂದ ಎರಡರ ನಡುವಿನ ಅಂಚು ಕಣ್ಣಿಗೆ ಸಿಗುವುದಿಲ್ಲ. ಉಳಿಯುವುದು ಬಣ್ಣದ ವ್ಯತ್ಯಾಸವಿರುವ ಗೀರು ಮಾತ್ರ. ಪ್ಯಾಡ್ ಬೆಳ್ಳಿಯ ಕಣಗಳನ್ನು ಕೆರೆದು ಅಡಿಯ ಕಪ್ಪನ್ನು ಒಂದಿಷ್ಟು ಇಣುಕುವಂತೆ ಮಾಡಿದ್ದರೆ ಕ್ಲಿಯರ್ ಎಷ್ಟು ಹೊಡೆದರೂ ಗೀರು ಗೀರಾಗಿಯೇ ನಿಲ್ಲುತ್ತದೆ. ಅಡಿಯಲ್ಲಿ ತಿಳಿಬೂದು ಪ್ರೈಮರ್ ಇದ್ದರೆ ಕೆರೆದದ್ದೆಲ್ಲ ವ್ಯರ್ಥ.

ಆದ್ದರಿಂದ ಗೀರನ್ನು ಎರಡು ಹಂತದಲ್ಲಿ ಹಾಕುವುದು ಒಳ್ಳೆಯದು. ಗ್ರೈಂಡರ್‌ನ ಆಳದ ಗೀರುಗಳು ಮೊದಲು, ಫಿಲ್ಲರ್ ಪ್ರೈಮರ್‌ನಲ್ಲೇ. ನಾಲ್ಕು ಇಂಚಿನ ದುಂಡು ಫೋಮ್ ಪ್ಯಾಡ್‌ಗೆ 150ರ ಪೇಪರ್ ಸುತ್ತಿ, ಮಣಿಕಟ್ಟು ತಿರುಗಿಸಿ ಬಿಲ್ಲಿನಾಕಾರದಲ್ಲಿ ಗೀರಿ. 80ರ ಪೇಪರ್ ಬೇಡ. ಅದರ ಆಳಕ್ಕೆ ಥಿನ್ನರ್ ಇಳಿದು ಅಂಚು ಉಬ್ಬುತ್ತದೆ, ವಾರ ಕಳೆದ ಮೇಲೆ ಗೀರೆಲ್ಲ ಹಗ್ಗದಂತೆ ಎದ್ದು ಕಾಣುತ್ತದೆ. ಇದರ ಮೇಲೆ ಕಪ್ಪು ನೆಲೆಬಣ್ಣ ಒಂದೇ ತೆಳು ಕೋಟ್. ಅದರ ಮೇಲೆ ಸಿಲ್ವರ್: 1.3 ಎಂಎಂ ನಾಝಲ್, ಗನ್ ಬುಡದಲ್ಲಿ ಸುಮಾರು 2 ಬಾರ್ ಗಾಳಿ, ಎರಡು ಸಾಧಾರಣ ಕೋಟ್, ಕೊನೆಗೆ ಗನ್ ಅನ್ನು ಪ್ಯಾನೆಲ್‌ನಿಂದ ಒಂದಡಿ ದೂರಕ್ಕೆ ಸರಿಸಿ ಒಂದು ಉದುರು ಕೋಟ್. ಒದ್ದೆಯಾಗಿ ಸುರಿದರೆ ಕಣಗಳು ತೇಲಾಡಿ ಮೋಡ ಕಟ್ಟುತ್ತವೆ, ಅಡಿಯ ಗೀರೂ ತುಂಬಿಹೋಗುತ್ತದೆ. ಬಾಗಿಲು, ಬಾನೆಟ್ ಬಿಚ್ಚಿದ್ದರೆ ಗಾಡಿಯಲ್ಲಿ ಇರುವ ಭಂಗಿಯಲ್ಲೇ ತೂಗುಹಾಕಿ ಹೊಡೆಯಿರಿ. ಮಲಗಿಸಿ ಹೊಡೆದ ಬಾಗಿಲಿನಲ್ಲಿ ಕಣಗಳು ಬೇರೆ ರೀತಿ ಮಲಗುತ್ತವೆ, ಪಕ್ಕದ ಪ್ಯಾನೆಲ್‌ಗೆ ಯಾವ ಜನ್ಮಕ್ಕೂ ಹೊಂದುವುದಿಲ್ಲ.

ಎರಡನೇ ಹಂತದ ಸಣ್ಣ ಗೀರಿಗೆ ಕೆಂಗಂದು ಪ್ಯಾಡ್, ಅದಕ್ಕೂ ನಯಕ್ಕೆ ಬೂದು ಪ್ಯಾಡ್. ಬೇಸ್ ಕೋಟ್ ಬೆರಳಿಗೆ ಅಂಟದಿದ್ದರೆ ಸಾಲದು. ಪ್ಯಾಡ್ ಎಳೆದಾಗ ಒಣಪುಡಿ ಬರಬೇಕು. ಸಣ್ಣ ಉಂಡೆಗಳು ಸುತ್ತಿಕೊಂಡರೆ ಇನ್ನೂ ಹಸಿ, ಕಾಯಿರಿ. ಒತ್ತಬೇಡಿ, ಪ್ಯಾಡ್‌ನ ಭಾರಕ್ಕೇ ಬಿಡಿ. ಅಂಚು, ಮೂಲೆಗಳಲ್ಲಿ ಒಂದೇ ಎಳೆತಕ್ಕೆ ಕಪ್ಪು ತಟ್ಟುತ್ತದೆ, ಅಲ್ಲಿ ಅರ್ಧ ಇಂಚು ಮೊದಲೇ ಕೈ ಎತ್ತಿ. ಪುಡಿಯನ್ನು ಟ್ಯಾಕ್ ಬಟ್ಟೆಯಲ್ಲಿ (ಧೂಳು ಹಿಡಿಯುವ ಅಂಟು ಬಟ್ಟೆ) ಮೆಲ್ಲಗೆ ತೆಗೆಯಿರಿ, ಥಿನ್ನರ್ ಬಟ್ಟೆ ತಾಗಿಸಿದರೆ ಸಿಲ್ವರ್ ಕರಗಿ ಬರುತ್ತದೆ.

ಸರಿಯಾಗಿದೆಯೇ ಎಂದು ನೋಡಲು ಮೊಬೈಲ್ ಟಾರ್ಚ್ ಸಾಕು. ಗೀರಿದ ಉಕ್ಕಿನ ಮೇಲೆ ದೀಪದ ಬಿಂಬ ದುಂಡಗೆ ಬೀಳುವುದಿಲ್ಲ, ಗೀರಿಗೆ ಅಡ್ಡಲಾಗಿ ಉದ್ದನೆಯ ಬೆಳಕಿನ ಪಟ್ಟಿಯಾಗುತ್ತದೆ. ಸ್ಟೀಲ್ ಪಾತ್ರೆಯ ತಳದಲ್ಲಿ ಬೆಳಕು ಫ್ಯಾನ್ ರೆಕ್ಕೆಯಂತೆ ಹರಡುವುದು ಇದೇ ಕಾರಣಕ್ಕೆ. ನಿಮ್ಮ ಪ್ಯಾನೆಲ್ ಮೇಲೆ ಟಾರ್ಚ್ ಆಡಿಸಿದಾಗ ಮಸುಕು ದುಂಡು ಚುಕ್ಕೆ ಮಾತ್ರ ಕಂಡರೆ ಗೀರು ಸಾಲದು, ಇಲ್ಲವೇ ದಿಕ್ಕು ಕಲಸಿಹೋಗಿದೆ.

ದಿಕ್ಕಿನ ವಿಷಯದಲ್ಲಿ ಗ್ರೈಂಡರ್ ಹಿಡಿದವನು ಎಲ್ಲಿ ನಿಂತಿದ್ದ ಎಂದು ಯೋಚಿಸಿ. ಚಾವಣಿಯ ಮಧ್ಯಕ್ಕೆ ಅವನ ಕೈ ಹಾಯುವುದು ಪಕ್ಕದಿಂದ, ಹಾಗಾಗಿ ಗೀರು ಅಡ್ಡಕ್ಕೆ. ಬಾಗಿಲಿನ ಮೇಲೆ ಉದ್ದಕ್ಕೆ. ಬಾಗಿಲಿನ ಗೀರು ಸಂದು ದಾಟಿ ಪಕ್ಕದ ಪ್ಯಾನೆಲ್‌ಗೆ ನೇರ ಮುಂದುವರಿದರೆ ನೋಡಿದವರಿಗೆ ಕಾರಣ ಗೊತ್ತಾಗದಿದ್ದರೂ ಎಲ್ಲೋ ಸುಳ್ಳು ಎನ್ನಿಸುತ್ತದೆ.

ಶಾಖದ ಬಣ್ಣ ಶುರು ಮಾಡುವ ಮೊದಲು ಇಂಟರ್‌ಕೋಟ್ ಕ್ಲಿಯರ್ (ಕೋಟ್‌ಗಳ ನಡುವೆ ಹಾಕುವ ಕ್ಲಿಯರ್) ಒಂದು ತೆಳು ಕೋಟ್ ಹಾಕಿ. ಅದಿಲ್ಲದೆ ಬರಿ ಸಿಲ್ವರ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ, ಕೀಳುವಾಗ ಬೆಳ್ಳಿ ಕಣವೆಲ್ಲ ಟೇಪಿಗೆ.

ಉಕ್ಕು ಕಾದಾಗ ಮೇಲ್ಮೈಯಲ್ಲಿ ಆಕ್ಸೈಡ್ ಪೊರೆ ಬೆಳೆಯುತ್ತದೆ. ಪೊರೆಯ ದಪ್ಪಕ್ಕೆ ತಕ್ಕಂತೆ ಬಣ್ಣ: ಸುಮಾರು 220-230 ಡಿಗ್ರಿಗೆ ಒಣಹುಲ್ಲಿನ ಹಳದಿ, 260ರ ಹತ್ತಿರ ಕಂದು, 280ಕ್ಕೆ ನೇರಳೆ, 300ರ ಆಸುಪಾಸು ಕಡುನೀಲಿ, ಮುಂದೆ ತಿಳಿನೀಲಿ, ಅದೂ ದಾಟಿದರೆ ಬೂದು. ಹೆಚ್ಚು ಕಾದದ್ದು ಬೆಸುಗೆಯ ಹತ್ತಿರ. ಅಂದರೆ ಬೆಸುಗೆಗೆ ಅಂಟಿಕೊಂಡು ಬೂದು, ಆಮೇಲೆ ನೀಲಿ, ನೇರಳೆ, ಕಂದು, ಎಲ್ಲಕ್ಕಿಂತ ಹೊರಗೆ ಹಳದಿ. ಇದನ್ನು ಉಲ್ಟಾ ಬರೆದು, ಬೆಸುಗೆಯ ಪಕ್ಕ ಹಳದಿ ಹೊರಗೆ ನೀಲಿ ಮಾಡಿದ ಗಾಡಿಗಳು ಬೇಕಾದಷ್ಟಿವೆ. ವೆಲ್ಡಿಂಗ್ ಮಾಡುವ ಯಾರೇ ಆದರೂ ಒಂದು ನೋಟಕ್ಕೆ ಹಿಡಿಯುತ್ತಾರೆ.

ಈ ಪಟ್ಟಿಗಳನ್ನು ಬರೆಯಲು ಕ್ಯಾಂಡಿ ಬಣ್ಣದ ಸಾಂದ್ರವನ್ನು ಇಂಟರ್‌ಕೋಟ್ ಕ್ಲಿಯರ್‌ನಲ್ಲಿ ಶೇ. 3ರಿಂದ 5 ಬೆರೆಸಿ, ಥಿನ್ನರ್ ಧಾರಾಳವಾಗಿ ಹಾಕಿ. 0.3 ಎಂಎಂ ಏರ್‌ಬ್ರಷ್, 1ರಿಂದ 1.5 ಬಾರ್. ಕ್ಯಾಂಡಿ ಪಾರದರ್ಶಕ, ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರಾಗುತ್ತದೆ. ಈ ಸಾಲಿನಲ್ಲಿ ಹಸಿರಿಗೆ ಜಾಗವೇ ಇಲ್ಲ. ಆದ್ದರಿಂದ ಪಟ್ಟಿಗಳು ಒಂದರ ಮೇಲೊಂದು ಬೀಳದೆ ಅಕ್ಕಪಕ್ಕ ಕೂರಬೇಕು, ಹಳದಿಗೂ ನೀಲಿಗೂ ನಡುವೆ ಕಂದು-ನೇರಳೆ ಕಾವಲಿರಬೇಕು. ಎಲ್ಲ ಸೇರಿ ಬೆಸುಗೆಯ ಒಂದೊಂದು ಬದಿಗೆ 15-20 ಮಿಲಿಮೀಟರ್ ಸಾಕು. ಅಗಲ ಒಂದೇ ಸಮನಾಗಿರಬಾರದು: ತಗಡಿನ ಅಂಚಿನ ಹತ್ತಿರ ಶಾಖಕ್ಕೆ ಹೋಗಲು ದಾರಿ ಕಮ್ಮಿ, ಅಲ್ಲಿ ಪಟ್ಟಿ ಅಗಲ. ಒಂದು ಎಳೆ ಬೆಸುಗೆ ಮುಗಿಯುವ ಕಡೆಯೂ ಹಾಗೆಯೇ. ಟ್ಯಾಕ್ ಹಾಕಿದ, ಅಂದರೆ ತಗಡನ್ನು ಮೊದಲು ಹಿಡಿದಿಡಲು ಬೆಸೆದ, ಚುಕ್ಕೆಗಳ ಸುತ್ತ ಪುಟ್ಟ ಉಂಗುರ.

ಇನ್ನೊಂದು ತರ್ಕ ಹಲವರಿಗೆ ಹೊಳೆಯುವುದಿಲ್ಲ. ಗ್ರೈಂಡರ್ ಓಡಿದ ಜಾಗದಲ್ಲಿ ಈ ಬಣ್ಣ ಉಳಿದಿರಲು ಸಾಧ್ಯವೇ ಇಲ್ಲ, ಪೊರೆ ಉಜ್ಜಿಹೋಗಿರುತ್ತದೆ. ಸಮ ಮಾಡಿದ ಬೆಸುಗೆ ಎಂದು ತೋರಿಸುವುದಾದರೆ ನಡುವೆ ಅರ್ಧ ಇಂಚಿನ ಹೊಳೆಯುವ ಗೀರುಪಟ್ಟಿ, ಅದರಾಚೆಗೆ ಉಳಿದ ಕಂದು-ಹಳದಿ ಮಾತ್ರ. ಪೂರ್ತಿ ನೀಲಿ ಬೇಕಿದ್ದರೆ ಬೆಸುಗೆಯ ಏಣೂ ಕಾಣಬೇಕು, ಅದರ ಮೇಲೆ ಗೀರು ಇರಬಾರದು. ತುಕ್ಕಿನ ಚುಕ್ಕೆ ಬರೆಯುವ ಆಸೆ ಆದರೆ ಇಡೀ ಗಾಡಿಗೆ ಮೂರೋ ನಾಲ್ಕೋ ಸಾಕು, ನನ್ನನ್ನು ಕೇಳಿದರೆ ಅದೂ ಬೇಡ.

ಕೊನೆಗೆ ಕ್ಲಿಯರ್. ಪೂರ್ತಿ ಹೊಳಪಿನದು ಹೊಡೆದರೆ ತಗಡು ಗಾಜಿನ ಪೆಟ್ಟಿಗೆಯೊಳಗೆ ಇಟ್ಟಂತೆ ಕಾಣುತ್ತದೆ, ಪೂರ್ತಿ ಮ್ಯಾಟ್ ಆದರೆ ಸ್ಲೇಟು. 60 ಡಿಗ್ರಿ ಕೋನದಲ್ಲಿ ಹೊಳಪು ಅಳೆಯುವ ಮೀಟರ್‌ನಲ್ಲಿ 30-40 ಯೂನಿಟ್ ಬರುವ ಸ್ಯಾಟಿನ್ 2ಕೆ ಕ್ಲಿಯರ್ ಉಕ್ಕಿಗೆ ಹತ್ತಿರ. ಮಂಕು ತರುವ ಪುಡಿ ಡಬ್ಬಿಯ ತಳದಲ್ಲಿ ಕೂತಿರುತ್ತದೆ, ಚೆನ್ನಾಗಿ ಕದಡಿ ಸೋಸಿ. ಎರಡು ಸಮನಾದ ಕೋಟ್. ಮೊದಲನೆಯದು ಎಲ್ಲ ಕಡೆ ಒಂದೇ ರೀತಿ ಮಂಕಾಗುವವರೆಗೆ ಎರಡನೆಯದಕ್ಕೆ ಕೈ ಹಾಕಬೇಡಿ. ಆತುರಪಟ್ಟರೆ, ಅಥವಾ ಒಂದು ಕಡೆ ದಪ್ಪ ಬಿದ್ದರೆ, ಅಲ್ಲಿ ಹೊಳಪು ಜಾಸ್ತಿಯಾಗಿ ಪಟ್ಟೆ ಪಟ್ಟೆ ಕಾಣುತ್ತದೆ. ಧೂಳಿನ ಕಣ ಕೂತರೆ ಉಜ್ಜಿ ಪಾಲಿಶ್ ಮಾಡುವ ಅವಕಾಶ ಇಲ್ಲ; ಉಜ್ಜಿದ ಜಾಗ ಮಿರುಗುತ್ತದೆ, ಇಡೀ ಪ್ಯಾನೆಲ್‌ಗೆ ಮತ್ತೆ ಕ್ಲಿಯರ್ ಹೊಡೆಯಬೇಕು. ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇಲ್ಲದ ಶೆಡ್‌ನಲ್ಲಿ ಈ ಒಂದು ಹಂತ ಮಾಡಬೇಡಿ. 2ಕೆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ; ಬಟ್ಟೆ ಮಾಸ್ಕ್ ಯಾವ ಲೆಕ್ಕಕ್ಕೂ ಇಲ್ಲ, ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಬೇಕು. ಒಮ್ಮೆ ಶ್ವಾಸಕೋಶಕ್ಕೆ ಒಗ್ಗದಂತಾದರೆ ಆಮೇಲೆ ಚೂರು ಸೋಕಿದರೂ ಉಬ್ಬಸ.

ಪ್ಲಾಸ್ಟಿಕ್ ಬಂಪರ್ ಇರುವ ಹೊಸ ಗಾಡಿಗೆ ಇದನ್ನು ಮಾಡುವುದಾದರೆ ಬಂಪರ್ ಕಪ್ಪಾಗಿಯೇ ಇರಲಿ. ಹಾಲಿ ಓಡುತ್ತಿರುವ ಗಾಡಿಯಾದರೆ ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ, ಹೊಡೆಯುವ ಮೊದಲೇ ಆರ್‌ಟಿಒಗೆ ಅರ್ಜಿ ಹಾಕಿ, ವಿಮೆಯವರಿಗೂ ತಿಳಿಸಿ.

ಮುಗಿದ ಮೇಲೆ ವ್ಯಾಕ್ಸ್ ಇಲ್ಲದ ಶಾಂಪೂ, ಮೆತ್ತನೆ ಬಟ್ಟೆ, ಅಷ್ಟೇ. ಹಕ್ಕಿ ಹಿಕ್ಕೆಯನ್ನು ಅದೇ ದಿನ ನೀರಿನಲ್ಲಿ ನೆನೆಸಿ ತೆಗೆಯಿರಿ. ಮುಂದೆ ಗೀಚಿದರೆ ಪ್ಯಾನೆಲ್‌ನ ಅರ್ಧಕ್ಕೆ ಬಣ್ಣ ಹೊಂದಿಸುವುದು ಆಗದ ಮಾತು, ಸಂದಿನಿಂದ ಸಂದಿನವರೆಗೆ ಪೂರ್ತಿ ಮತ್ತೆ ಮಾಡಬೇಕು. ಅದಕ್ಕಾಗಿ ಬೆರೆಸಿದ ಸಿಲ್ವರ್‌ನಲ್ಲಿ ಕಾಲು ಲೀಟರ್ ಎತ್ತಿಡಿ. ಡಬ್ಬಿಯ ಮೇಲೆ ಕಪ್ಪು ಎಷ್ಟು, ಕಂದು ಎಷ್ಟು ಎಂದು ಬರೆದು, ಯಾವ ಪ್ಯಾಡ್ ಎಳೆದಿರಿ ಎನ್ನುವುದನ್ನು ಪರೀಕ್ಷೆಗೆ ಹೊಡೆದ ತಗಡಿನ ತುಂಡಿನ ಹಿಂದೆ ಬರೆದಿಡಿ.