ಇವತ್ತು ನನ್ನಿಂದ ಆಗಲ್ಲ, ನೀವು ಯಾರಾದ್ರೂ ಮಾಡಿ

ಬುಧವಾರದಿಂದ ಒಂದೇ ಮಾತು ತಲೆಯೊಳಗೆ ಸುತ್ತುತ್ತಿದೆ. ಪಾತ್ರೆ ತೊಳೆಯುವಾಗಲೂ ಅದೇ, ದೀಪ ಆರಿಸಿ ಮಲಗಿದ ಮೇಲೂ ಅದೇ. "ಇವತ್ತು ನನ್ನಿಂದ ಆಗಲ್ಲ. ನೀವು ಯಾರಾದ್ರೂ ಮಾಡಿ."

ಬುಧವಾರ ನಮ್ಮ ಚರ್ಚಿನ ಪ್ರಾರ್ಥನಾ ಕೂಟ ಮುಗಿಯುವ ಹೊತ್ತು. ಪಾಸ್ಟರ್ ಎಂದಿನಂತೆ ಒಬ್ಬ ಹಿರಿಯರ ಕಡೆ ನೋಡಿ, "ಅಣ್ಣ, ಪ್ರಾರ್ಥನೆ ಮಾಡಿ ಮುಗಿಸಿ" ಅಂದರು. ನಮ್ಮ ಸಭೆಯಲ್ಲಿ ಕೊನೆಯ ಪ್ರಾರ್ಥನೆ ಅಂದರೆ ಅವರೇ. ಗಟ್ಟಿ ದನಿ. ಬೈಬಲ್ ವಚನಗಳೆಲ್ಲ ನಾಲಿಗೆ ತುದಿಯಲ್ಲಿ. ಅವರು ಪ್ರಾರ್ಥಿಸಿದ ದಿನ ಮನೆಗೆ ಹೋಗುವಾಗ ಹೆಗಲು ಹಗುರವಾದ ಹಾಗೆ ಅನಿಸುತ್ತಿತ್ತು. ಅವರು ಎದ್ದು ನಿಂತರು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡರು. ನಾವೆಲ್ಲ ತಲೆ ಬಾಗಿಸಿದೆವು. ಎಷ್ಟು ಹೊತ್ತಾದರೂ ದನಿಯೇ ಇಲ್ಲ. ನಾನು ಕಣ್ಣು ಬಿಟ್ಟು ನೋಡಿದೆ. ಕುರ್ಚಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರು ಅಂದರೆ ಬೆರಳ ಗೆಣ್ಣುಗಳೆಲ್ಲ ಬಿಳಿಚಿಕೊಂಡಿದ್ದವು. ಆಮೇಲೆ ಆ ಮಾತು ಬಂತು. ಹೇಳಿದವರೇ ಕೂತುಬಿಟ್ಟರು.

ಅವರ ಪಕ್ಕದ ಕುರ್ಚಿಯ ಮೇಲೆ ಅವರ ಸತ್ಯವೇದ, ಅಂದರೆ ಬೈಬಲ್, ಇತ್ತು. ಐದು ತಿಂಗಳಿಂದ ಅದು ಅಲ್ಲೇ ಇರುತ್ತದೆ. ಅದಕ್ಕೆ ಮುಂಚೆ ಆ ಕುರ್ಚಿಯಲ್ಲಿ ಅವರ ಹೆಂಡತಿ ಕೂರುತ್ತಿದ್ದರು.

ಪಾಸ್ಟರ್ ಒಂದು ಮಾತೂ ಆಡಲಿಲ್ಲ. ವಯಸ್ಸಿನಲ್ಲಿ ಚಿಕ್ಕವರು, ಕೆಲವು ಸಲ ಜಾಸ್ತಿ ಮಾತಾಡುತ್ತಾರೆ ಅನ್ನೋದು ನನ್ನ ಅಭಿಪ್ರಾಯ. ಆದರೆ ಅವತ್ತು ಅವರು ಸುಮ್ಮನಿದ್ದದ್ದು ಅವರ ಎಷ್ಟೋ ಬೋಧನೆಗಳಿಗಿಂತ ದೊಡ್ಡದು. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ತಿರುಗಿ, "ಅಕ್ಕ, ನೀವು ಮಾಡ್ತೀರಾ?" ಅಂತ ಮೆಲ್ಲಗೆ ಕೇಳಿದರು.

ಮಾಡಿದೆ. ಎಲ್ಲೂ ತಡವರಿಸಲಿಲ್ಲ. "ಮುರಿದ ಮನಸ್ಸಿನವರಿಗೆ ಹತ್ತಿರವಾಗಿರುವ ಕರ್ತನೇ" ಅಂತ ಶುರು ಮಾಡಿದೆ, ನೀರಿನ ಹಾಗೆ ಹರಿಯಿತು. ಎಲ್ಲರೂ ಆಮೆನ್ ಅಂದರು. ಒಬ್ಬರು ಬಂದು ಕೈ ಹಿಡಿದು, "ಮನೇಲಿ ಅಷ್ಟು ಕಷ್ಟ ಇದ್ರೂ ಅಕ್ಕನ ನಂಬಿಕೆ ನೋಡಿ" ಅಂದರು. ಆ ಮಾತು ಕೇಳಿ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು. ಯಾಕಂದರೆ ಆ ಕೋಣೆಯಲ್ಲಿ ಅವತ್ತು ನಿಜ ಹೇಳಿದ್ದು ಆ ಹಿರಿಯರೊಬ್ಬರೇ. ನನ್ನ ಪ್ರಾರ್ಥನೆಯಲ್ಲಿ ಸುಳ್ಳು ಇರಲಿಲ್ಲ. ಆದರೆ ನಾನು ಅದರೊಳಗೆ ಇರಲಿಲ್ಲ.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಇನ್ನೊಬ್ಬ ಅಕ್ಕ ಪಿಸುಗುಟ್ಟಿದರು: "ಹಿರಿಯರಾಗಿ ಎಲ್ಲರ ಮುಂದೆ ಹಾಗನ್ನಬಾರದಿತ್ತು. ಹೊಸಬರು ಎಡವಿ ಬೀಳ್ತಾರೆ." ಅವರು ಕೆಟ್ಟವರಲ್ಲ. ಯಾರ ಮನೆಯಲ್ಲಿ ಯಾರು ಹುಷಾರು ತಪ್ಪಿದರೂ ಮೊದಲು ಬಾಗಿಲು ತಟ್ಟುವುದು ಅವರೇ. ನನ್ನ ಮನೆಗೂ ಎಷ್ಟು ಸಲ ಬಂದಿದ್ದಾರೆ. ಆದರೆ ಯಾರಾದರೂ ಅತ್ತರೆ, ಯಾರಾದರೂ ಸುಮ್ಮನಾದರೆ ಅವರಿಗೆ ಭಯವಾಗುತ್ತದೆ. ತಕ್ಷಣ ಒಂದು ವಚನ ತಂದು ಮುಚ್ಚಿಬಿಡುತ್ತಾರೆ. ಅವತ್ತು ನಾನು ಅವರಿಗೆ ಉತ್ತರ ಕೊಡಲಿಲ್ಲ. ಕೊಡಬೇಕಿತ್ತು.

ನನ್ನ ಗಂಡನಿಗೆ ಡಯಾಲಿಸಿಸ್ ಶುರುವಾಗಿ ಎರಡು ವರ್ಷ. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಹೋದ ಕೂಡಲೇ ತೂಕ, ಮುಗಿದ ಮೇಲೆ ಮತ್ತೆ ತೂಕ. ನಡುವೆ ಮೈಯಲ್ಲಿ ನಿಂತ ನೀರೆಷ್ಟು ಅಂತ ಆ ಲೆಕ್ಕ ಹೇಳುತ್ತದೆ. ಬಾಯಾರಿದಾಗ ಕುಡಿಯುವ ಗುಟುಕಿಗೂ ಅಳತೆ. ಎಡಗೈಯಲ್ಲಿ ಒಂದು ಚಿಕ್ಕ ಆಪರೇಷನ್ ಮಾಡಿ ಶುದ್ಧ ರಕ್ತದ ನಾಳವನ್ನೂ ಅಶುದ್ಧ ರಕ್ತದ ನಾಳವನ್ನೂ ಜೋಡಿಸಿದ್ದಾರೆ. ಫಿಸ್ಟುಲಾ ಅಂತಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ ಗುಂಯ್ ಅಂತ ನಡುಗುತ್ತದೆ. ಆ ನಡುಕ ನಿಂತರೆ ತಕ್ಷಣ ಫೋನ್ ಮಾಡಬೇಕು ಅಂತ ನರ್ಸ್ ಹೇಳಿಕೊಟ್ಟಿದ್ದಾರೆ. ದಿನಾ ರಾತ್ರಿ ಅವರು ಮಲಗಿದ ಮೇಲೆ ನಾನು ಬೆರಳಿಟ್ಟು ನೋಡುತ್ತೇನೆ. ಮೊದಮೊದಲು ಬೆರಳಿಟ್ಟುಕೊಂಡೇ ಪ್ರಾರ್ಥನೆ ಮಾಡುತ್ತಿದ್ದೆ. ಈಗ ಕೆಲವು ತಿಂಗಳಿಂದ ಸುಮ್ನೆ ಬೆರಳಿಡುತ್ತೇನೆ, ಅಷ್ಟೇ. ಇದನ್ನು ಯಾರಿಗೂ ಹೇಳಿರಲಿಲ್ಲ. ಯಾರು ಕೇಳಿದರೂ "ಕರ್ತನು ನೋಡಿಕೊಳ್ತಾನೆ" ಅನ್ನುತ್ತೇನೆ. ಅದು ನಿಜವೇ. ಆದರೆ ಎಷ್ಟೋ ಸಲ ನಾನು ಅದನ್ನು ಹೇಳುವುದು ಮಾತು ಅಲ್ಲಿಗೇ ಮುಗಿಯಲಿ ಅಂತ.

ಗುರುವಾರ ಡಯಾಲಿಸಿಸ್ ನಡೆಯುವಾಗ ಅವರ ಪಕ್ಕ ಕೂತು ಬುಧವಾರದ್ದನ್ನೆಲ್ಲ ಹೇಳಿದೆ. ಹಿರಿಯರು ನಿಂತದ್ದು, ಕುರ್ಚಿ ಹಿಡಿದದ್ದು, ಆ ಮಾತು. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ನಿದ್ದೆ ಹೋದರೇನೋ ಅಂದುಕೊಂಡೆ. ಆಮೇಲೆ ಕೇಳಿದರು, "ಎರಡನೇ ಮಾತು ಏನಂದ್ರು?"

"ನೀವು ಯಾರಾದ್ರೂ ಮಾಡಿ ಅಂದ್ರು."

"ಮತ್ತೆ? ಪ್ರಾರ್ಥನೆ ಬೇಡ ಅನ್ನಲಿಲ್ಲವಲ್ಲ."

ನಾನು ಬುಧವಾರದಿಂದ ಮೊದಲನೇ ಮಾತಿಗೇ ಜೋತುಬಿದ್ದಿದ್ದೆ. ನನ್ನಿಂದ ಆಗಲ್ಲ, ನನ್ನಿಂದ ಆಗಲ್ಲ. ಎರಡನೆಯದನ್ನು ಕೇಳಿಸಿಕೊಂಡೇ ಇರಲಿಲ್ಲ. ನಂಬಿಕೆ ಬಿಟ್ಟವರು ಹಾಗೆ ಹೇಳುವುದಿಲ್ಲ. ಎದ್ದು ಹೋಗುತ್ತಾರೆ, ಇಲ್ಲ ಬರುವುದನ್ನೇ ನಿಲ್ಲಿಸುತ್ತಾರೆ. ಇವರು ಬಂದಿದ್ದರು. ನಿಂತಿದ್ದರು. ತಮ್ಮಿಂದ ಎತ್ತಲಾಗದ್ದನ್ನು ನಮ್ಮ ಕೈಗೆ ಕೊಟ್ಟು ಕೂತಿದ್ದರು.

ಅವತ್ತು ರಾತ್ರಿ ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ ತೆಗೆದೆ. ಕಪೆರ್ನೌಮ್ ಊರಿನಲ್ಲಿ ಯೇಸು ಇದ್ದ ಆ ಮನೆ. ಬಾಗಿಲ ಹತ್ತಿರವೂ ಜಾಗ ಇಲ್ಲದಷ್ಟು ಜನ. ನಾಲ್ಕು ಮಂದಿ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತರುತ್ತಾರೆ, ದಾರಿ ಸಿಗದೆ ಛಾವಣಿ ಬಿಚ್ಚಿ ಇಳಿಸುತ್ತಾರೆ. ಭಾನುವಾರದ ಶಾಲೆಯ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಮಕ್ಕಳಿಗೆ ಛಾವಣಿ ಒಡೆಯುವ ಭಾಗ ತುಂಬಾ ಇಷ್ಟ, ನಾನೂ ಅಲ್ಲೇ ನಿಂತುಬಿಡುತ್ತಿದ್ದೆ. ಐದನೇ ವಚನದಲ್ಲಿ ಯೇಸು "ಅವರ ನಂಬಿಕೆಯನ್ನು ನೋಡಿ" ಮಾತಾಡಿದನು ಅಂತಿದೆ. ಅವನ ನಂಬಿಕೆ ಅಂತಿಲ್ಲ, ಅವರ ನಂಬಿಕೆ. ಆ ಮಲಗಿದ್ದವನು ಏನು ನಂಬಿದ್ದ, ಎಷ್ಟು ನಂಬಿದ್ದ ಅಂತ ಮಾರ್ಕ ಒಂದಕ್ಷರ ಬರೆದಿಲ್ಲ. ಅವನು ಇಡೀ ಕಥೆಯಲ್ಲಿ ಬಾಯಿ ಬಿಟ್ಟು ಒಂದು ಮಾತೂ ಆಡುವುದಿಲ್ಲ. ಹೊತ್ತವರು ಇದ್ದರು, ಅವನು ಹೊರಿಸಿಕೊಂಡ. ಅವನನ್ನೇ ಯೇಸು "ಮಗನೇ" ಅಂತ ಕರೆದದ್ದು.

ಆ "ಅವರ" ಅನ್ನುವ ಪದದ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ.

ಒಂದು ಸಿಕ್ಕಿದ ಮೇಲೆ ಒಂದೊಂದೇ ನೆನಪಾಗತೊಡಗಿತು. ವಿಮೋಚನಕಾಂಡದ 17ನೇ ಅಧ್ಯಾಯದಲ್ಲಿ ಅಮಾಲೇಕ್ಯರ ಜೊತೆ ಯುದ್ಧ. ಗುಡ್ಡದ ಮೇಲೆ ಮೋಶೆ ಕೈ ಎತ್ತಿರುವವರೆಗೆ ಇಸ್ರಾಯೇಲ್ಯರಿಗೆ ಗೆಲುವು, ಕೈ ಇಳಿದರೆ ಸೋಲು. ಅವನ ಕೈ ಸೋತಿತು. ಸಮುದ್ರ ಇಬ್ಭಾಗವಾಗುವುದನ್ನು ನೋಡಿದ ಮೋಶೆಯ ಕೈ! ಆಗ ಆರೋನ, ಹೂರ ಇಬ್ಬರೂ ಅವನಿಗೆ "ಇನ್ನೂ ಸ್ವಲ್ಪ ನಂಬಿಕೆ ಇಡು" ಅಂತ ಬೋಧಿಸಲಿಲ್ಲ. ಒಂದು ಕಲ್ಲು ತಂದು ಹಾಕಿದರು, ಅವನನ್ನು ಕೂರಿಸಿದರು, ಒಬ್ಬೊಬ್ಬರು ಒಂದೊಂದು ಕೈ ಹಿಡಿದು ಹೊತ್ತು ಮುಳುಗುವವರೆಗೆ ನಿಂತರು. ಆ ಕಲ್ಲು ತಂದದ್ದು ನನಗೆ ಈಗ ತುಂಬಾ ಇಷ್ಟವಾಗುತ್ತಿದೆ. ಸೋತವನಿಗೆ ಮೊದಲು ಬೇಕಾದದ್ದು ಕೂರುವುದಕ್ಕೆ ಒಂದು ಜಾಗ.

ಸತ್ಯವೇದದ ಕೀರ್ತನೆಗಳಲ್ಲಿ 88ನೆಯದನ್ನು ನಾನು ಯಾವಾಗಲೂ ದಾಟಿ ಹೋಗುತ್ತಿದ್ದೆ. ದುಃಖದ ಕೀರ್ತನೆಗಳು ಬೇರೆಯೂ ಇವೆ, ಆದರೆ ಅವುಗಳಲ್ಲಿ ಬಹಳಷ್ಟು ಕೊನೆಯಲ್ಲಿ ಬೆಳಕಿಗೆ ಬರುತ್ತವೆ. 13ನೆಯದೇ ನೋಡಿ. ಮೊದಲ ಎರಡು ವಚನಗಳಲ್ಲಿ ನಾಲ್ಕು ಸಲ "ಎಷ್ಟರವರೆಗೆ" ಅಂತ ಕೇಳಿದವನು ಆರನೇ ವಚನಕ್ಕೆ ಹಾಡುತ್ತಾನೆ. 88 ಹಾಗಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ, ದೇವರ ಉತ್ತರ ಬರುವುದೇ ಇಲ್ಲ. ಆದರೂ ಅದರ ತಲೆಬರಹದಲ್ಲಿ ಅದು ಪ್ರಧಾನಗಾಯಕನಿಗೆ ಕೊಟ್ಟದ್ದು ಅಂತಿದೆ. ಅಂದರೆ ಒಬ್ಬನ ಗೋಳನ್ನು ಎಲ್ಲರೂ ಸೇರಿ ಹಾಡಲಿ ಅಂತಲೇ ಕೊಟ್ಟಿದ್ದಾರೆ. ಯಾರೂ ಅದರ ಕೊನೆಗೆ ಎರಡು ಸಾಲು ಸಮಾಧಾನ ಸೇರಿಸಿ ಸರಿಮಾಡಲಿಲ್ಲ. ಆ ಅಕ್ಕನಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದೇ. ಹೊಸಬರು ಎಡವುವುದು ಇಂಥದ್ದನ್ನು ಕೇಳಿ ಅಲ್ಲ. ತಮ್ಮ ಮನೆಯಲ್ಲಿ ಸಾವು ಆದಾಗ, ಸಭೆಯಲ್ಲಿ ಯಾರೂ ಹೀಗೆ ಮಾತಾಡಿದ್ದು ಒಂದು ದಿನವೂ ಕೇಳಿಲ್ಲವಲ್ಲ, ನನಗೆ ಮಾತ್ರ ಹೀಗಾಗುತ್ತಿದೆಯಾ ಅಂತ ಅನಿಸಿದಾಗ ಎಡವುತ್ತಾರೆ.

ಇನ್ನೂ ಒಂದಿದೆ. ಅದನ್ನು ಬರೆಯುವುದಕ್ಕೆ ಸ್ವಲ್ಪ ಹೆದರಿಕೆ, ಯಾಕಂದರೆ ಅದು ಪವಿತ್ರವಾದ ಜಾಗ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ನಮ್ಮ ಕರ್ತನಾದ ಯೇಸು ಒಬ್ಬನೇ ಪ್ರಾರ್ಥಿಸಲು ಹೋಗಲಿಲ್ಲ. ಪೇತ್ರ, ಯಾಕೋಬ, ಯೋಹಾನರನ್ನು ಕರೆದುಕೊಂಡು ಹೋದನು. ಸಾಯುವಷ್ಟು ದುಃಖವಾಗಿದೆ ಅಂತ ಅವರ ಮುಂದೆ ಬಾಯಿಬಿಟ್ಟು ಹೇಳಿದನು. ನನ್ನ ಸಂಗಡ ಎಚ್ಚರವಾಗಿರಿ ಅಂತ ಕೇಳಿಕೊಂಡನು. ಕೇಳಿಕೊಂಡನು! ಮೀನು ಹಿಡಿಯುವ ಮೂರು ಮಂದಿಯನ್ನು, ದೇವಕುಮಾರನು. ಅವರು ನಿದ್ದೆ ಮಾಡಿದರು, ಅದು ಬೇರೆ ಮಾತು. ಆದರೆ ಆತನು ಕೇಳಿದನಲ್ಲ. ಎರಡು ವರ್ಷದಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ. "ಪ್ರಾರ್ಥನೇಲಿ ನೆನೆಸಿಕೊಳ್ಳಿ" ಅಂದಿದ್ದೇನೆ, ಅದು ಎಲ್ಲರೂ ಅನ್ನುವುದು. ನನಗೆ ಆಗುತ್ತಿಲ್ಲ, ನನ್ನ ಜೊತೆ ಸ್ವಲ್ಪ ಹೊತ್ತು ಇರಿ ಅಂತ ಅಂದಿರಲಿಲ್ಲ. ಅದನ್ನು ನಂಬಿಕೆ ಅಂದುಕೊಂಡಿದ್ದೆ. ದೇವರ ಮೇಲೆ ಭರವಸೆ ಇಟ್ಟವಳು ಮನುಷ್ಯರ ಮುಂದೆ ಕೈ ಚಾಚಬಾರದು ಅಂತ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಸತ್ಯವೇದ ಅಂತೂ ಹೇಳಿಕೊಟ್ಟಿಲ್ಲ.

ಶನಿವಾರ ಡಯಾಲಿಸಿಸ್ ಮುಗಿಸಿ ಬಂದ ಮೇಲೆ ಇವರಿಗೆ ಕಾಲು ಸೆಳೆತ ಜಾಸ್ತಿ ಇತ್ತು. ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ತಿಕ್ಕಿ ತಿಕ್ಕಿ ಸಡಿಲವಾಗುವ ಹೊತ್ತಿಗೆ ಕತ್ತಲಾಯಿತು. ಅವರು ನಿದ್ದೆ ಹೋದರು. ಎಂದಿನಂತೆ ಎಡಗೈ ಮೇಲೆ ಬೆರಳಿಟ್ಟೆ. ಗುಂಯ್ ಅನ್ನುತ್ತಿತ್ತು. ಹಾಗೇ ಒಂದು ಕೈ ಅಲ್ಲೇ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಆ ಹಿರಿಯರಿಗೆ ಫೋನ್ ಮಾಡಿದೆ.

"ಅಣ್ಣ, ನನಗೋಸ್ಕರ ಒಂದು ಪ್ರಾರ್ಥನೆ ಮಾಡ್ತೀರಾ?"

ಆ ಕಡೆ ಸದ್ದೇ ಇಲ್ಲ. ಆಮೇಲೆ, "ಬುಧವಾರ ಹೇಳಿದ್ನಲ್ಲಮ್ಮ. ನನಗೇ ಬರ್ತಿಲ್ಲ."

"ಗೊತ್ತು ಅಣ್ಣ. ನನಗೂ ಬರ್ತಿಲ್ಲ. ತುಂಬಾ ತಿಂಗಳಾಯ್ತು."

ಇದನ್ನು ನಾನು ಜೋರಾಗಿ ಹೇಳಿದ್ದು ಅದೇ ಮೊದಲು. ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು.

"ಬುಧವಾರ ಅಷ್ಟು ಚೆನ್ನಾಗಿ ಮಾಡಿದೆಯಲ್ಲಮ್ಮ."

"ಚೆನ್ನಾಗಿ ಮಾಡಿದೆ ಅಣ್ಣ. ಅದಕ್ಕೇ ಈಗ ಫೋನ್ ಮಾಡ್ತಿರೋದು."

ಅವರು ಉಸಿರೆಳೆದುಕೊಂಡದ್ದು ಕೇಳಿಸಿತು. ಅಳುತ್ತಿದ್ದಾರೋ, ಮಾತು ಹುಡುಕುತ್ತಿದ್ದಾರೋ ಗೊತ್ತಾಗಲಿಲ್ಲ. ನಾನು ಅವಸರ ಮಾಡಲಿಲ್ಲ. ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಾಗದಿದ್ದಾಗ ಪವಿತ್ರಾತ್ಮನು ತಾನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಅಂತ ಪೌಲನು ರೋಮಾಪುರದವರಿಗೆ ಬರೆದಿದ್ದಾನೆ. ಆ ವಚನ ನನಗೆ ಬಾಯಿಪಾಠ. ಅವತ್ತು ಫೋನಿನಲ್ಲಿ ಕೇಳಿಸಿದ ಆ ಉಸಿರಿನಿಂದ ಅದು ಸ್ವಲ್ಪ ಅರ್ಥವಾಯಿತು.

ಆಮೇಲೆ ಅವರು ಶುರು ಮಾಡಿದರು. ಹಳೆಯ ಗಟ್ಟಿ ದನಿ ಅಲ್ಲ. "ಕರ್ತನೇ... ಈ ಮಗಳಿಗೂ ಆಗ್ತಿಲ್ಲ. ನನಗೂ ಆಗ್ತಿಲ್ಲ. ನೀನು ನಮ್ಮನ್ನ ಬಿಡಬೇಡ." ಅಷ್ಟೇ. ಆಮೆನ್ ಅನ್ನುವುದನ್ನೂ ಮರೆತರು. ನಾನೇ ಅಂದೆ.

ಇಬ್ಬರೂ ಫೋನ್ ಇಡಲಿಲ್ಲ. ನನ್ನ ಬೆರಳ ಕೆಳಗೆ ಆ ನಡುಕ ಹಾಗೇ ನಡೆದಿತ್ತು.

"ನಾಳೆ ಆರಾಧನೆಗೆ ಬರ್ತೀರಾ ಅಣ್ಣ?"

"ಬರ್ತೀನಿ. ಆದ್ರೆ ಹಾಡೋಕೆ ಆಗಲ್ಲಮ್ಮ. ಅವಳ ದನಿ ಪಕ್ಕದಲ್ಲಿ ಇಲ್ಲದೆ ನನ್ನ ಬಾಯಿಗೆ ಹಾಡೇ ಬರ್ತಿಲ್ಲ. ಸುಮ್ನೆ ನಿಂತಿರ್ತೀನಿ."

"ನಿಂತಿರಿ. ಈ ವಾರ ನಿಮ್ಮ ಪಾಲಿಂದೂ ಸೇರಿಸಿ ನಾನು ಹಾಡ್ತೀನಿ."

"ಸರಿ" ಅಂದರು. ಇನ್ನೂ ಸ್ವಲ್ಪ ಹೊತ್ತಿದ್ದು, ಇವರ ಕಾಲು ನೋವು ಈಗ ಹೇಗಿದೆ ಅಂತ ಕೇಳಿದರು.