ಸೊಸೈಟಿಯ ಬೋರ್ಡು ಮತ್ತು ಒಂದು ಚೀಲ ಹಳೆ ಸುಣ್ಣ

ನಮ್ಮ ಹಾಲಿನ ಸೊಸೈಟಿಯ ಜಗಲಿಯಲ್ಲಿ ಒಂದು ಬೋರ್ಡು ಉಂಟು. ಪ್ಲೈವುಡ್ಡಿಗೆ ಕಪ್ಪು ಬಣ್ಣ ಬಳಿದದ್ದು, ನಾಲ್ಕಡಿ ಅಗಲ, ಮೂರಡಿ ಎತ್ತರ. ಶಾಲೆಯಿಂದ ನಿವೃತ್ತಳಾದ ವರ್ಷ ನಾನೇ ಮಾಡಿಸಿದ್ದು. ಮೂವತ್ತು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಹೇಳಿದ ಕೈಗೆ ಸೀಮೆಸುಣ್ಣ ಇಲ್ಲದೆ ಆಗುತ್ತಿರಲಿಲ್ಲ ಎಂದು ಮನೆಯವರು ತಮಾಷೆ ಮಾಡುತ್ತಾರೆ. ಸುಳ್ಳಲ್ಲ.

ಬೆಳಗ್ಗೆ ಆರೂವರೆಗೆ ಹಾಲು ತಂದವರು ಅಳತೆಗೆ ಸಾಲು ನಿಲ್ಲುತ್ತಾರೆ. ಆ ಹತ್ತು ನಿಮಿಷ ಕಣ್ಣಿಗೆ ಬೇರೆ ಕೆಲಸ ಇರುವುದಿಲ್ಲ. ಮೊಬೈಲ್ ನೋಡುವ ಎಂದರೆ ನಮ್ಮ ಗುಡ್ಡದ ಬುಡದಲ್ಲಿ ರೇಂಜ್ ಸಿಗುವುದಿಲ್ಲ. ಹಾಗಾಗಿ ಬೋರ್ಡಿನಲ್ಲಿ ಏನು ಬರೆದರೂ ಓದುತ್ತಾರೆ. ಮೊದಲ ವಾರ ಬಸಳೆ ಎಲೆಯ ಚುಕ್ಕಿಯ ಬಗ್ಗೆ ಬರೆದೆ. ಎರಡನೆಯ ವಾರ ಅಲಸಂಡೆಯ ಹೇನು. ಮೂರನೆಯ ವಾರ ನಾನು ಬರೆಯದೇ ಇದ್ದಾಗ "ಟೀಚರೇ, ಈ ಸಲ ಪಾಠ ಇಲ್ವಾ?" ಎಂದು ಕೇಳಿದರು. ಅಲ್ಲಿಗೆ ನಾನು ಸಿಕ್ಕಿಬಿದ್ದೆ.

ವಿಷಯಕ್ಕೆ ಬರ ಇರಲಿಲ್ಲ. ನಮ್ಮದು ಕಾಸರಗೋಡಿನ ಕಡೆಯ ಕನ್ನಡ ಊರು, ಕೇರಳದೊಳಗೆ. ಕೇರಳದಲ್ಲಿ 1987ರಲ್ಲಿ ಪಂಚಾಯತಿಗೊಂದು ಕೃಷಿ ಭವನ, ಅಂದರೆ ಕೃಷಿ ಇಲಾಖೆಯ ಕಚೇರಿ, ಬಂತು. ನಮ್ಮದಕ್ಕೂ ಕರಪತ್ರಗಳು ಬರುತ್ತವೆ, ಒಳ್ಳೆಯ ಕರಪತ್ರಗಳೇ. ಆದರೆ ಹೆಚ್ಚಿನವು ಮಲಯಾಳದಲ್ಲಿ. ಮಾತಾಡುವ ಮಲಯಾಳ ಇಲ್ಲಿ ಯಾರಿಗೆ ಬಾರದು? ಓದುವ ಮಲಯಾಳ ಬೇರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ ಗಡಿ ಬದಲಾಯಿತು, ಅಡಿಕೆ ತೋಟದೊಳಗಿನ ಶಬ್ದಗಳು ಬದಲಾಗಲಿಲ್ಲ. ಕರಪತ್ರದಲ್ಲಿ 'ತುರಿಶ್' ಎಂದಿದ್ದರೆ ನಮ್ಮವರಿಗೆ ಅದು ಮೈಲುತುತ್ತು (ತಾಮ್ರದ ಸಲ್ಫೇಟ್). 'ಮಹಾಳಿ' ಎಂದಿದ್ದರೆ ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗ. ನಾನು ಮಲಯಾಳ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಇಲಾಖೆಯ ಸುತ್ತೋಲೆಗಳನ್ನು ಓದಲಿಕ್ಕಾಗಿ. ಆ ವಿದ್ಯೆ ಹೀಗೆ ಉಪಯೋಗಕ್ಕೆ ಬಂತು.

ಕೆಲವು ಸಲ ಅನುವಾದ ಬಹಳ ಖುಷಿ ಕೊಟ್ಟದ್ದೂ ಉಂಟು. 'ತಿರುವಾದಿರ ಞಾಟ್ಟುವೇಲ'ಯಲ್ಲಿ ಕಾಳುಮೆಣಸಿನ ಬಳ್ಳಿ ನೆಡಿ ಎಂದು ಒಂದು ಕಾಗದದಲ್ಲಿ ಇತ್ತು. ನಾನು 'ಜೂನ್ ಕೊನೆಯ ವಾರ' ಎಂದು ಬರೆಯಲು ಹೊರಟವಳು, ಯೋಚಿಸಿದರೆ ಅದು ನಮ್ಮ ಆರಿದ್ರಾ ಮಳೆಯೇ! ಸೂರ್ಯ ಅದೇ ನಕ್ಷತ್ರದಲ್ಲಿ ಇರುವ ಅದೇ ಹದಿಮೂರು-ಹದಿನಾಲ್ಕು ದಿನ. 'ಆರಿದ್ರಾ ಮಳೆಗೆ ಬಳ್ಳಿ ನೆಡಿ' ಎಂದು ಬರೆದೆ. ಎಂಬತ್ತು ದಾಟಿದ ಒಬ್ಬರು ಅಜ್ಜ ಓದಿ, "ಇದನ್ನು ಹೇಳ್ಲಿಕ್ಕೆ ಸರಕಾರ ಬೇಕಾ?" ಎಂದು ನಕ್ಕು ಹೋದರು.

ಹೀಗೆ ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು, ಸುಣ್ಣದ ಪ್ರಕರಣದವರೆಗೆ.

ಹೋದ ವರ್ಷ ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ವಿಶೇಷ ದಿನ) ಕಳೆದ ವಾರ, ಕೊಳೆರೋಗಕ್ಕೆ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದ ಬಗ್ಗೆ ಬರೆದೆ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಮದ್ದು ಬಿಡಬೇಕು, ಮಳೆ ಎಳೆದರೆ ಮೂರನೆಯದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಿ, ಅದೇ ದಿನ ಮುಗಿಸಿ. ಅಕ್ಷರ ದುಂಡಗೆ ಬಂದಿತ್ತು. ಇಷ್ಟೆಲ್ಲ ಗೊತ್ತಿದ್ದದ್ದೇ ಎಂದು ಕೆಲವರು ಹೇಳಿದರೂ ಫೋಟೋ ತೆಗೆದುಕೊಂಡರು.

ಹತ್ತು ದಿನ ಕಳೆದು ಕೆಳಗಿನ ಮನೆಯ ಅಣ್ಣ ಹಾಲಿನ ಕ್ಯಾನು ಕೆಳಗಿಟ್ಟು ಹೇಳಿದರು: "ಟೀಚರೇ, ನೀವು ಬರೆದದ್ದು ಸರಿಯೇ ಇರಬಹುದು. ನನ್ನ ಅಡಿಕೆಗೆ ಮಾತ್ರ ಕನ್ನಡ ಓದ್ಲಿಕ್ಕೆ ಬರುದಿಲ್ಲ ಅಂತ ಕಾಣ್ತದೆ."

ಹೋಗಿ ನೋಡಿದೆ. ಮೇಲಿನ ತಟ್ಟಿನಲ್ಲಿ ಮರದ ಬುಡವೆಲ್ಲ ಎಳೆಯ ಕಾಯಿ. ಉದುರಿದ್ದರಲ್ಲಿ ಕೊಳೆಯ ಗುರುತಿಲ್ಲ, ಬಿಳಿ ಬೂಸಲಿಲ್ಲ. ಸಿಪ್ಪೆಯ ಮೇಲೆ ಸುಟ್ಟ ಹಾಗೆ ಕಂದು ಕಲೆ. ಕೆಳಗಿನ ತಟ್ಟಿಗೆ ಇಳಿದರೆ ಏನೂ ಆಗಿಲ್ಲ. ಒಂದೇ ತೋಟ, ಒಂದೇ ತಳಿ, ಮದ್ದು ಬಿಡುವ ಗಟೋರ್ ಪಂಪೂ ಒಂದೇ. ನಡುವೆ ಇರುವುದು ಮೊಣಕಾಲೆತ್ತರದ ಒಂದು ಕಟ್ಟಪುಣಿ, ಮಣ್ಣಿನ ಬದು. ಯಾರೋ ಪರೀಕ್ಷೆಗೆ ಪ್ರಶ್ನೆ ತೆಗೆದು ಕೊಟ್ಟ ಹಾಗಿತ್ತು.

"ಎರಡೂ ಒಂದೇ ದಿನ ಬಿಟ್ಟದ್ದಾ?"

"ಅಲ್ಲ. ಮೇಲೆ ಒಂದು ಬ್ಯಾರಲ್ ಆಗುವಾಗ ಮಳೆ ಬಂತು. ಕೆಳಗೆ ಬಿಟ್ಟದ್ದು ಮರುದಿವಸ."

"ಸುಣ್ಣ?"

ಸುಣ್ಣ ಬೇರೆಯಾಗಿತ್ತು. ಮೊದಲ ಬ್ಯಾರಲಿಗೆ ಕೊಟ್ಟಿಗೆಯ ಮೂಲೆಯಲ್ಲಿದ್ದ ಚೀಲದ ಸುಣ್ಣ, ಎರಡು ವರ್ಷ ಹಿಂದೆ ಮರದ ಬುಡಕ್ಕೆ ಹಾಕಲು ತಂದು ಉಳಿದದ್ದು. ಅದು ಖಾಲಿಯಾದ ಕಾರಣ ಎರಡನೆಯ ಬ್ಯಾರಲಿಗೆ ಅಂಗಡಿಯಿಂದ ಹೊಸ ಚಿಪ್ಪುಸುಣ್ಣ ಬಂದಿತ್ತು.

ಚೀಲದ ತಳದಲ್ಲಿ ಒಂದು ಮುಷ್ಟಿ ಗಂಟು ಉಳಿದಿತ್ತು. ಮನೆಗೆ ತಂದು ತಟ್ಟೆಯಲ್ಲಿಟ್ಟು ನಿಂಬೆಹುಳಿ ಹಿಂಡಿದೆ. ಬುಸಬುಸ ನೊರೆ ಎದ್ದಿತು. ಎಂಟನೆಯ ತರಗತಿಯ ಮಕ್ಕಳಿಗೆ ಎಷ್ಟೋ ಸಲ ತೋರಿಸಿದ ಪ್ರಯೋಗ ಇದು! ಅರಳಿದ ಸುಣ್ಣವನ್ನು ಬಾಯಿ ಬಿಚ್ಚಿ ಇಟ್ಟರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ, ಅಂದರೆ ಮತ್ತೆ ಚಿಪ್ಪಿನ ಹುಡಿಯೇ ಆಗುತ್ತದೆ. ಮಣ್ಣಿನ ಹುಳಿ ತೆಗೆಯಲು ಅದು ಸಾಕು, ವರ್ಷಗಟ್ಟಲೆ ನಿಧಾನಕ್ಕೆ ಕೆಲಸ ಮಾಡುತ್ತಾ ಇರುತ್ತದೆ. ಬ್ಯಾರಲಿನಲ್ಲಿ ಅಷ್ಟು ಸಮಯ ಇಲ್ಲ. ಮೈಲುತುತ್ತಿನ ತಾಮ್ರ ಪೂರ್ತಿ ಕಟ್ಟಿಕೊಳ್ಳದೆ ನೀರಿನಲ್ಲೇ ಉಳಿಯುತ್ತದೆ, ಎಳೆಯ ಕಾಯಿಯನ್ನು ಸುಡುತ್ತದೆ.

ರಾತ್ರಿ ಆ ಕರಪತ್ರ ಹುಡುಕಿ ತೆಗೆದೆ. ಬುಡಕ್ಕೆ ಹಾಕುವಲ್ಲಿ 'ಕುಮ್ಮಾಯಂ' ಎಂದಿತ್ತು. ಬೋರ್ಡೋ ದ್ರಾವಣಕ್ಕೆ 'ನೀಟ್ಟುಕಕ್ಕ', ಸುಟ್ಟ ಚಿಪ್ಪು. ಮೂಲದಲ್ಲಿ ಎರಡು ಶಬ್ದ. ಎರಡನ್ನೂ 'ಸುಣ್ಣ' ಮಾಡಿದವಳು ನಾನು.

ಮರುದಿನ ಬೋರ್ಡಿನಲ್ಲಿ ತಪ್ಪೊಪ್ಪಿಗೆ ಬರೆದೆ, ಅದರ ಕೆಳಗೆ ಪರೀಕ್ಷೆ. ಸುಟ್ಟ ಚಿಪ್ಪಿಗೆ ನೀರು ಹಾಕಿದರೆ ಕೊತಕೊತ ಕುದಿಯಬೇಕು, ಪಾತ್ರೆ ಬಿಸಿಯಾಗಬೇಕು. (ಪ್ಯಾಕೆಟ್ಟಿನಲ್ಲಿ ಬರುವ ಅರಳಿದ ಹುಡಿ ಹೇಗೂ ಕುದಿಯುವುದಿಲ್ಲ, ಅದಕ್ಕೆ ಮುಂದಿನ ಪರೀಕ್ಷೆಯೇ ಗತಿ.) ದ್ರಾವಣ ತಯಾರಾದ ಮೇಲೆ ಉಜ್ಜಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ಹಿಡಿದರೆ ತಾಮ್ರ ಇನ್ನೂ ಬಿಡುವಾಗಿದೆ ಎಂದು ಅರ್ಥ, ಸುಣ್ಣದ ತಿಳಿ ಇನ್ನಷ್ಟು ಸೇರಿಸಿ. ಸ್ಟೀಲಿನ ಚಾಕು ಬೇಡ. ಕಾಳುಮೆಣಸಿನ ಬಳ್ಳಿಯ ಬುಡಕ್ಕೆ, ರೋಗ ತಡೆಯುವ ಟ್ರೈಕೋಡರ್ಮ ಹಾಕಿದವರು ಕೂಡಲೇ ಅಲ್ಲಿ ಈ ಮದ್ದು ಸುರಿಯಬೇಡಿ. ಅದೂ ಒಂದು ಶಿಲೀಂಧ್ರವೇ, ತಾಮ್ರಕ್ಕೆ ಒಳ್ಳೆಯದು ಕೆಟ್ಟದು ಎಂಬ ಭೇದ ಇಲ್ಲ.

ಕತ್ತಿಯ ಪರೀಕ್ಷೆ ಹೊಸತೇನಲ್ಲ. ಹಳೆಯ ಪುಸ್ತಕಗಳಲ್ಲೆಲ್ಲ ಇದೆ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು, ನಮ್ಮಿಂದ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರುವಷ್ಟು ದೂರ. ಅದಕ್ಕೂ ಮೊದಲೇ, 1910ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ ಬರೆದಾಗಿತ್ತು. ಇನ್ನೂ ಹಿಂದೆ ಹೋದರೆ ಫ್ರಾನ್ಸಿನ ಮೆಡೋಕ್ ಎಂಬ ದ್ರಾಕ್ಷಿಯ ಸೀಮೆ. ದಾರಿಹೋಕರು ಹಣ್ಣು ಕದಿಯಬಾರದೆಂದು ಅಲ್ಲಿನ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು-ಸುಣ್ಣ ಎರಚುತ್ತಿದ್ದರಂತೆ, ವಿಷದ ಹಾಗೆ ಕಾಣಲಿ ಎಂದು. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಗಮನಿಸಿದರು, 1885ರಲ್ಲಿ ಪ್ರಕಟಿಸಿದರು. ಕಳ್ಳರನ್ನು ಹೆದರಿಸಲು ಮಾಡಿದ ಉಪಾಯ ನಮ್ಮ ಅಡಿಕೆ ಕಾಯುತ್ತಿದೆ. ಇದನ್ನೂ ಒಂದು ವಾರ ಬರೆದೆ. ಗೊಬ್ಬರದ ಲೆಕ್ಕಕ್ಕಿಂತ ಹೆಚ್ಚು ಜನ ಓದಿದ್ದು ಇದನ್ನು.

ಇಲ್ಲಿಗೆ ಮುಗಿದಿದ್ದರೆ ನನಗೂ ಸುಲಭವಿತ್ತು. ಎರಡನೆಯ ಸಲ ಮದ್ದು ಬಿಡಲು ನಮ್ಮ ತೋಟಕ್ಕೆ ಬಂದವರು, ಕೆಳಗಿನ ಮನೆಗೆ ಬಿಟ್ಟವರೇ. ನಮ್ಮ ಸುತ್ತಿನ ಹತ್ತು-ಹನ್ನೆರಡು ತೋಟಗಳಲ್ಲಿ ಮರ ಹತ್ತುವುದು ಅವರೇ. ಈಗ ಅಲ್ಲಲ್ಲಿ ಉದ್ದನೆಯ ಫೈಬರ್ ದೋಟಿ (ಕೋಲು) ಬಂದು ನೆಲದಲ್ಲಿ ನಿಂತೇ ಬಿಡುವವರೂ ಇದ್ದಾರೆ, ನಮ್ಮಲ್ಲಿ ಇನ್ನೂ ಇಲ್ಲ. ಹನ್ನೊಂದು ಗಂಟೆಗೆ ಚಾ ಕೊಟ್ಟು, ಸುಣ್ಣದ ಕಥೆ ಹೇಳಿದೆ, ತುಸು ಜಂಬದಿಂದಲೇ, ಪತ್ತೆ ಹಚ್ಚಿದವಳು ನಾನಲ್ಲವೇ. ಅವರು ಗ್ಲಾಸು ಕೆಳಗಿಟ್ಟು ತುಳುವಿನಲ್ಲಿ ಹೇಳಿದ್ದು ಇಷ್ಟು:

"ಅವತ್ತು ಬಣ್ಣ ಸರಿ ಇರಲಿಲ್ಲ ಟೀಚರ್. ಆಕಾಶದ ನೀಲಿ ಬರಬೇಕು, ಹಸಿರು ಹಸಿರು ಇತ್ತು. ನಾನು ಧನಿಗಳಿಗೆ ಹೇಳಿದೆ. ಇಲ್ಲ, ಬೋರ್ಡಿನಲ್ಲಿ ಒಂದಕ್ಕೆ ಒಂದು ಅಂತ ಬರೆದಿದೆ, ಬಿಡು ಅಂದರು. ಬಿಟ್ಟೆ."

ನನಗೆ ಚಾ ಗಂಟಲಲ್ಲೇ ನಿಂತಿತು. ಇಪ್ಪತ್ತೈದು ವರ್ಷ ಬ್ಯಾರಲ್ ಕಲಸಿದ ಮನುಷ್ಯ. ಅವರಿಗೆ ಹಾಲಿಲ್ಲ, ಹಸುವಿಲ್ಲ, ಸೊಸೈಟಿಗೆ ಬರುವ ಕೆಲಸವೂ ಇಲ್ಲ. ಬೋರ್ಡಿಗೆ ಅವರ ಪರಿಚಯವೇ ಇರಲಿಲ್ಲ. ಆದರೂ ಅದು ಅವರ ಬಾಯಿ ಮುಚ್ಚಿಸಿತ್ತು.

ಪುತ್ತೂರಿನಲ್ಲಿ 1988ರಲ್ಲಿ 'ಅಡಿಕೆ ಪತ್ರಿಕೆ' ಎಂಬ ಕೃಷಿ ಮಾಸಿಕ ಶುರುವಾದಾಗ 'ಕೃಷಿಕರ ಕೈಗೆ ಲೇಖನಿ' ಎಂದು ಹೊರಟರು. ಅದರ ಹಿಂದಿದ್ದ ಶ್ರೀಪಡ್ರೆಯವರು ನಮ್ಮ ಗಡಿಯ ವಾಣೀನಗರದವರೇ. ಮೊದಮೊದಲು ಆ ಮಾತು ಓದುವಾಗ ನನ್ನ ಕಣ್ಣೆದುರು ಬರುತ್ತಿದ್ದ ಕೃಷಿಕ ಅಂಗಿ ಹಾಕಿ ಜಗಲಿಯಲ್ಲಿ ಕುಳಿತವರು. ಮರದ ತುದಿಯಲ್ಲಿದ್ದವರು ಬಂದಿರಲಿಲ್ಲ.

ಈ ವರ್ಷ ಮೇ ಕೊನೆಯ ಭಾನುವಾರ ಬೋರ್ಡಿನಲ್ಲಿ ಏನೂ ಬರೆಯಲಿಲ್ಲ. ಅಂಗಳದಲ್ಲಿ ಪ್ಲಾಸ್ಟಿಕ್ ಬ್ಯಾರಲ್ ಇಟ್ಟೆವು. ಆ ಮದ್ದು ಬಿಡುವವರನ್ನು ಕರೆಯಲು ಎರಡು ಸಲ ಹೋಗಬೇಕಾಯಿತು. "ನನಗೆ ಭಾಷಣ ಬರುದಿಲ್ಲ" ಎಂದರು. "ಕಲಸಿದರೆ ಸಾಕು, ಒಂದು ದಿನದ ಸಂಬಳ ಸೊಸೈಟಿ ಕೊಡುತ್ತದೆ" ಎಂದ ಮೇಲೆ ಒಪ್ಪಿದರು. ಮೂವತ್ತೊಂದು ಜನ ಸೇರಿದ್ದರು. ಕೃಷಿ ಭವನದ ಮೇಡಂ ಕೂಡ ಬಂದು ಹಿಂದೆ ನಿಂತು ವಿಡಿಯೋ ಮಾಡಿದರು. ಅವರು ತೆಂಕಣ ಜಿಲ್ಲೆಯವರು, ತುಳು ಗೊತ್ತಿಲ್ಲ, ಆದರೆ ಬಣ್ಣ ನೋಡಲು ತುಳು ಬೇಕಿಲ್ಲ.

ಸುಣ್ಣ ಕುದಿಯಿತು. ಮೈಲುತುತ್ತಿನ ನೀರನ್ನು ಮದ್ದು ಬಿಡುವವರು ಸಪೂರ ಧಾರೆಯಾಗಿ ಸುಣ್ಣದ ನೀರಿಗೆ ಬಿಡುತ್ತಾ ಹೋದರು, ಕೋಲು ನಿಲ್ಲಿಸಲೇ ಇಲ್ಲ. ಒಮ್ಮೆ ಮಾತ್ರ ಎಲ್ಲರನ್ನೂ ಹತ್ತಿರ ಕರೆದು ಬಗ್ಗಿ ನೋಡಲು ಹೇಳಿದರು. ನೀಲಿ.

"ಹಾಗಾದರೆ ಸುಣ್ಣ ಎಷ್ಟು ಹಾಕಬೇಕು ಅಂತ ಲೆಕ್ಕ?" ಕೆಳಗಿನ ಮನೆಯ ಅಣ್ಣನೇ ಕೇಳಿದರು.

"ಈ ಬಣ್ಣ ಬರುವಷ್ಟು."

"ನೂರು ಲೀಟರಿಗೆ ಒಂದು ಕಿಲೋ," ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಎಲ್ಲರೂ ನಕ್ಕರು. ಅವರೂ ನಕ್ಕು, ಒರೆಸಿದ ಕತ್ತಿಯನ್ನು ನನ್ನ ಕೈಗೆ ಕೊಟ್ಟರು, ಅದ್ದಿ ನೋಡಿ ಎಂದು.