ಭಾವನ ಪೈಲಟ್ ಬಂತು

13 ಜುಲೈ 2024, ಶನಿವಾರ
ಶಿವಮೊಗ್ಗ

ಬೆಳಿಗ್ಗೆಯಿಂದ ಒಂದೇ ಸಮ ಮಳೆ. ಹನ್ನೊಂದು ಗಂಟೆಗೆ ಕೊರಿಯರ್ ಹುಡುಗ ರೇನ್‌ಕೋಟಿನ ಒಳಗಿಂದ ಪುಟ್ಟ ಪೊಟ್ಟಣ ತೆಗೆದು ಕೊಟ್ಟ. ಒಂದು ಮೂಲೆ ಒದ್ದೆಯಾಗಿತ್ತು, ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಒಳಗೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿದ್ದರು. ಅಕ್ಕನ ಮಗ ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಾನೆ. ಅವನ ಕೈಗೆ ಮೊಬೈಲ್ ಕೊಟ್ಟು, ಟೇಪ್ ಕತ್ತರಿಸುವುದರಿಂದ ಹಿಡಿದು ವಾಚು ಹೊರಗೆ ಬರುವವರೆಗೂ ನಿಲ್ಲಿಸದೆ ವಿಡಿಯೊ ಮಾಡು ಅಂದೆ. ಹಳೆ ವಾಚು ತರಿಸಿದಾಗೆಲ್ಲ ನಾನು ಹೀಗೇ ಮಾಡುವುದು. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಆ ವಿಡಿಯೊ ಒಂದೇ ನಮ್ಮ ಕಡೆಯ ಸಾಕ್ಷಿ.

ಬಂದಿದ್ದು ಭಾವನಿಗಾಗಿ ಹುಡುಕಿದ ಎಚ್‌ಎಂಟಿ ಪೈಲಟ್, ಕೀ ಕೊಟ್ಟು ಓಡಿಸುವ ಹಳೆ ಕೈಗಡಿಯಾರ.

ಮೂರು ವಾರದ ಹಿಂದೆ ಭಾವ ತೀರ್ಥಹಳ್ಳಿಯಿಂದ ಫೋನ್ ಮಾಡಿದ್ದರು. ಅವರ ಅಪ್ಪಯ್ಯ ಕಟ್ಟುತ್ತಿದ್ದ ಪೈಲಟ್ ಹಳೆ ಮನೆ ಬಿಚ್ಚುವಾಗ ಎಲ್ಲೋ ಕಳೆದುಹೋಯಿತು. ಅಂಥದ್ದೇ ಒಂದು ಬೇಕು ಅನ್ನುವುದು ಬಹಳ ದಿನದ ಆಸೆ. ಆನ್‌ಲೈನಲ್ಲಿ ಸಿಕ್ಕಿದೆ, 2,800 ರೂಪಾಯಿ, ದುಡ್ಡು ಹಾಕಿಬಿಡಲಾ ಅಂತ ಫೋಟೋ ಕಳಿಸಿದರು. ನೀಲಿ ಡಯಲ್, ಫಳಫಳ ಹೊಳೆಯುವ ಕೇಸು, ಅಂದರೆ ವಾಚಿನ ಲೋಹದ ಹೊರಕವಚ.

"ಭಾವ, ಇದು ಬೇಡ" ಅಂದೆ.

"ಅಲ್ಲ ಮಾರಾಯ್ತಿ, ಹೊಸದರ ಹಾಗೇ ಇದೆಯಲ್ಲ?"

"ಅದಕ್ಕೇ ಬೇಡ ಅಂದಿದ್ದು. ನಿಮ್ಮ ಅಪ್ಪಯ್ಯನದು ಕಪ್ಪು ಡಯಲ್ ಅಲ್ವಾ?"

"ಹೌದು. ಕಪ್ಪು ಸಿಗಲಿಲ್ಲ, ನೀಲಿನೂ ಚೆನ್ನಾಗಿದೆ ಅನ್ನಿಸ್ತು."

ಅವತ್ತು ರಾತ್ರಿ ಊಟ ಮುಗಿಸಿ ಆ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಪೈಲಟ್ ಅಂದರೆ ಕಪ್ಪು ಡಯಲ್ ಅಂತಲೇ ಹೆಸರು. ಈಗ ಮಾರಾಟಕ್ಕೆ ಕಾಣುವ ನೀಲಿ, ಕೆಂಪು, ಹಸಿರು ಪೈಲಟ್‌ಗಳಲ್ಲಿ ಬಹುಪಾಲು ಮತ್ತೆ ಬಣ್ಣ ಬಳಿದವು. ಹಳೆ ಡಯಲಿನ ಬಣ್ಣ ಪೂರ್ತಿ ಕೆರೆದು, ಹೊಸ ಬಣ್ಣ ಹೊಡೆದು, ಹೆಸರು ಗೆರೆ ಎಲ್ಲ ಹೊಸದಾಗಿ ಅಚ್ಚು ಹಾಕುತ್ತಾರೆ. ಒಳಗಿನ ಮಷಿನ್ ಮಾತ್ರ ನಿಜವಾದ ಎಚ್‌ಎಂಟಿಯದೇ ಇರುತ್ತದೆ. ಹಾಗಾಗಿ ಪೂರಾ ನಕಲಿ ಅನ್ನುವ ಹಾಗೂ ಇಲ್ಲ, ಅಸಲಿ ಅನ್ನುವ ಹಾಗೂ ಇಲ್ಲ. ಮಷಿನ್ ಒಂದರದು, ಮುಳ್ಳು ಇನ್ನೊಂದರದು, ಕೇಸು ಎಲ್ಲಿಂದಲೋ ಬಂದಿದ್ದು, ಒಟ್ಟಿನಲ್ಲಿ ಕಲಸುಮೇಲೋಗರ. ಅದನ್ನು ಅದೇ ಅಂತ ಹೇಳಿ ಮಾರಿದರೆ ನನ್ನ ತಕರಾರಿಲ್ಲ. 'ಒರಿಜಿನಲ್, ಮಿಂಟ್ ಕಂಡೀಷನ್' ಅಂತ ಬರೆದು ಮಾರುತ್ತಾರಲ್ಲ, ಅದು ಹೊಟ್ಟೆ ಉರಿಸುತ್ತದೆ.

ಭಾವನಿಗೆ ಇದೆಲ್ಲ ಹೇಳಿದರೆ ನಂಬಲಿಲ್ಲ. ಫೋಟೋದ ಮೇಲೆ ಕೆಂಪು ಗುರುತು ಹಾಕಿ ಕಳಿಸಿದೆ. ಮೊದಲು ಅಂಚಿನ ನಿಮಿಷದ ಗೆರೆಗಳು. 12, 3, 6, 9 ಈ ನಾಲ್ಕು ಜಾಗದಲ್ಲಿ ಗೆರೆ ಅಂಕಿಯ ನೇರಕ್ಕೆ ಬರಬೇಕು, ಇದರಲ್ಲಿ 9ರ ಹತ್ತಿರ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ. ಇಲ್ಲಿ ಅಕ್ಷರಗಳು ಊದಿಕೊಂಡಿದ್ದವು, '17 ಜ್ಯುವೆಲ್ಸ್' (ಮಷಿನಿನೊಳಗೆ 17 ಕಲ್ಲುಗಳಿವೆ ಅನ್ನುವ ಬರಹ) ಅನ್ನುವಲ್ಲಿ 1 ಮತ್ತು 7 ಒಂದಕ್ಕೊಂದು ಅಂಟಿಕೊಳ್ಳುವ ಹಾಗಿದ್ದವು. 'ಪ್ಯಾರಾ ಶಾಕ್' ಅನ್ನುವ ಸಾಲು ಸ್ವಲ್ಪ ವಾಲಿತ್ತು. ಈ ಪ್ಯಾರಾ ಶಾಕ್ ಅನ್ನುವುದು ಸಿಟಿಜನ್ ಕಂಪನಿಯಿಂದ ಬಂದ ಹೆಸರು, ವಾಚಿನೊಳಗೆ ಅತ್ತಿತ್ತ ಆಡುತ್ತ ಟೈಮು ಹಿಡಿಯುವ ಬ್ಯಾಲೆನ್ಸ್ ಚಕ್ರದ ದಂಡಕ್ಕೆ ಪೆಟ್ಟು ಬೀಳದಂತೆ ತಡೆಯುವ ಏರ್ಪಾಡು. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾಗಿದ್ದೇ ಜಪಾನಿನ ಸಿಟಿಜನ್ ನೆರವಿನಿಂದ. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ನಮ್ಮ ಜನರ ಕೈಯಲ್ಲಿ ತಯಾರಾದ ವಸ್ತು ಇದು, ಆ ಅಭಿಮಾನ ನನಗೆ ಜಾಸ್ತಿ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವುದಕ್ಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಇನ್ನು ಸಿಗುವುದಿಲ್ಲ ಅಂತಾದ ಮೇಲೆ ಜನ ಹಳೆಯದರ ಹಿಂದೆ ಬಿದ್ದರು.

ಮುಳ್ಳುಗಳೂ ತಪ್ಪಿದ್ದವು. ನಿಮಿಷದ ಮುಳ್ಳು ಅಂಚಿನ ಗೆರೆಯ ತನಕ ಮುಟ್ಟಬೇಕು, ಗಂಟೆಯ ಮುಳ್ಳು ಅಂಕಿಯ ಬುಡದವರೆಗೆ. ಇದರ ನಿಮಿಷದ ಮುಳ್ಳು ಗೆರೆಗಿಂತ ಎಷ್ಟೋ ಹಿಂದೆ ನಿಂತಿತ್ತು. ಅಷ್ಟು ನೋಡಿದ ಮೇಲೆ ಭಾವ ಸುಮ್ಮನಾದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: "ಆದ್ರೆ ಕತ್ತಲಲ್ಲಿ ಹೊಳೆಯುತ್ತೆ ಅಂತ ಬರೆದಿದ್ದಾನಲ್ಲ?"

ಅದೂ ಅನುಮಾನ ಪಡಬೇಕಾದ ವಿಷಯವೇ. ಡಯಲಿನ ಮೇಲಿನ ಹೊಳೆಯುವ ಬಣ್ಣ ಇಷ್ಟು ವರ್ಷಕ್ಕೆ ದಣಿದಿರುತ್ತದೆ. ಎಪ್ಪತ್ತರ ದಶಕದ ಸ್ವಿಸ್ ವಾಚುಗಳಲ್ಲಿ 6ರ ಕೆಳಗೆ, ಸ್ವಿಸ್ ಅನ್ನುವ ಮಾತಿನ ಅಕ್ಕಪಕ್ಕ 'ಟಿ' ಅಕ್ಷರ ಇದ್ದರೆ ಅದು ಟ್ರಿಟಿಯಂ, ವಿಕಿರಣದಿಂದ ಬಣ್ಣವನ್ನು ಹೊಳೆಯಿಸುವ ವಸ್ತು. ಅದು ಸುಮಾರು 12.3 ವರ್ಷಕ್ಕೆ ಅರ್ಧ ಆಗುತ್ತದೆ, ಅಂದರೆ ಐವತ್ತು ವರ್ಷಕ್ಕೆ ಹದಿನಾರರಲ್ಲಿ ಒಂದು ಪಾಲು ಉಳಿದರೆ ದೊಡ್ಡದು. ಅಂಥ ವಾಚು ರಾತ್ರಿಯಿಡೀ ಬೆಳಗುತ್ತದೆ ಅಂದರೆ ಯಾರೋ ಹೊಸ ಬಣ್ಣ ತುಂಬಿದ್ದಾರೆ ಅಂತಲೇ. ಡಯಲಿನ ಚುಕ್ಕಿಯ ಬಣ್ಣಕ್ಕೂ ಮುಳ್ಳಿನ ಬಣ್ಣಕ್ಕೂ ಹೋಲಿಕೆ ಇದೆಯಾ ನೋಡಬೇಕು. ಒಂದು ಬೆಲ್ಲದ ಬಣ್ಣಕ್ಕೆ ತಿರುಗಿ ಇನ್ನೊಂದು ಸುಣ್ಣದ ಹಾಗೆ ಬೆಳ್ಳಗಿದ್ದರೆ ಎರಡೂ ಒಟ್ಟಿಗೆ ಮುದಿಯಾದವಲ್ಲ. ಇದರ ಜೊತೆ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಅರವತ್ತರ ದಶಕಕ್ಕಿಂತ ಹಿಂದಿನ ವಾಚುಗಳಲ್ಲಿ ರೇಡಿಯಂ ಬಣ್ಣ ಇರಬಹುದು, ಅದೂ ವಿಕಿರಣ ಸೂಸುವಂಥದ್ದೇ. ಹೊಳಪು ಸತ್ತಿದ್ದರೂ ರೇಡಿಯಂ ಸತ್ತಿರುವುದಿಲ್ಲ, ಅದು ಅರ್ಧ ಆಗುವುದಕ್ಕೇ 1,600 ವರ್ಷ ಬೇಕು. ಅಂಥದ್ದು ಸಿಕ್ಕರೆ ಗಾಜು ತೆಗೆದು ಕೆರೆಯುವುದು, ಊದುವುದು ದಯವಿಟ್ಟು ಮಾಡಬೇಡಿ.

ನನಗೆ ಇದೆಲ್ಲ ತಾನಾಗಿ ಬಂದ ಬುದ್ಧಿ ಅಲ್ಲ. ಮೊದಲ ಸಲ ತರಿಸಿದ ಸ್ವಿಸ್ ವಾಚಿಗೆ 4,000 ಕೊಟ್ಟಿದ್ದೆ. ಡಯಲಿನ ಕೆಳ ಅಂಚಿನಲ್ಲಿ ಇರಬೇಕಾದ 'ಸ್ವಿಸ್ ಮೇಡ್' ಇರಲೇ ಇಲ್ಲ, ಬಣ್ಣ ಬಳಿದವರು ಆ ಸಣ್ಣ ಸಾಲನ್ನೇ ಬಿಟ್ಟಿದ್ದರು, ನಾನೂ ನೋಡಲಿಲ್ಲ. ಮಾರಿದವನು ಆಮೇಲೆ ಫೋನ್ ಎತ್ತಲಿಲ್ಲ. ಆ ಸಂಕಟ ಭಾವನಿಗೆ ಬರಬಾರದು ಅಂತಲೇ ಇಷ್ಟು ಹಟ ಹಿಡಿದಿದ್ದು.

ಎರಡನೇ ವಾರ ಒಂದು ಕಪ್ಪು ಪೈಲಟ್ ಕಂಡಿತು. 1,900 ರೂಪಾಯಿ. ಫೋಟೋ ಮಂಕು, ಗಾಜಿನ ತುಂಬ ಗೀರು, ಬೆಲ್ಟು ಇಲ್ಲ. ಮುಳ್ಳೂ ಚುಕ್ಕಿಯೂ ಒಂದೇ ಹದದಲ್ಲಿ ಕಂದಿದ್ದವು. 3ರ ಹತ್ತಿರ ಮಾತ್ರ ಒಂದು ಸಣ್ಣ ಕಲೆ. ಕಲೆ ಆ ಜಾಗದಲ್ಲಿದ್ದರೆ ಕೀ ಕೊಡುವ ತಿರುಪಿನ ತೂತಿನಿಂದ ನೀರೋ ತೇವವೋ ಹೋಗಿದೆ ಅಂತ ಲೆಕ್ಕ. ನಮ್ಮ ಮಲೆನಾಡಿನವರಿಗೆ ಇದು ಹೊಸದಲ್ಲ. ಜೂನ್ ಬಂದರೆ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಕಪಾಟಿನಲ್ಲಿಟ್ಟ ಚಪ್ಪಲಿ ಹಸಿರಾಗುತ್ತದೆ, ವಾಚಿನ ಒಳಗೆ ಮಾತ್ರ ಏನೂ ಆಗಿರಲ್ಲ ಅಂತ ಹೇಗೆ ನಂಬುವುದು? ಭಾವನ ಅಪ್ಪಯ್ಯ ಮಳೆಗಾಲದಲ್ಲಿ ರಾತ್ರಿ ವಾಚು ಬಿಚ್ಚಿ ಅಕ್ಕಿ ಡಬ್ಬಿಯಲ್ಲಿ ಇಡುತ್ತಿದ್ದರಂತೆ. ನಾನು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ.

ಮಾರುವವರು ಹಾಸನದ ಕಡೆಯವರು. ಅವರಿಗೆ ನೇರವಾಗಿ ಬರೆದೆ: ಹಿಂದಿನ ಮುಚ್ಚಳ ತೆಗೆದು ಮಷಿನಿನ ಫೋಟೋ ಕಳಿಸಿ, ಪಕ್ಕದಲ್ಲಿ ಒಂದು ಚೀಟಿಯಲ್ಲಿ ಇವತ್ತಿನ ತಾರೀಕು ಬರೆದಿಡಿ. ಬೇರೆ ಯಾರದೋ ಫೋಟೋ ಎತ್ತಿಕೊಂಡು ಮಾರುವವರಿಗೆ ಆ ಚೀಟಿ ಇಡಲು ಆಗುವುದಿಲ್ಲ. ಇವರು ಅರ್ಧ ಗಂಟೆಯಲ್ಲಿ ಕಳಿಸಿದರು. ಮಷಿನ್ ಮೇಲೆ ಎಚ್‌ಎಂಟಿ ಹೆಸರು ಸ್ವಚ್ಛವಾಗಿ ಕಂಡಿತು. ಸ್ಕ್ರೂಗಳ ತಲೆ ಹಾಳಾಗಿರಲಿಲ್ಲ. ಸ್ಕ್ರೂ ತಲೆ ಕಿತ್ತುಹೋಗಿದ್ದರೆ ತಿಳಿಯದ ಕೈ ಒಳಗೆ ಆಡಿದೆ ಅಂತ.

ನಡೆಯುತ್ತದಾ ಅನ್ನುವುದಕ್ಕೆ ಮುಳ್ಳು ಓಡುವ ಹತ್ತು ಸೆಕೆಂಡಿನ ವಿಡಿಯೊ ಸಾಲದು. ಅಲುಗಾಡಿಸಿದರೆ ಕೆಟ್ಟ ವಾಚೂ ಹತ್ತು ಸೆಕೆಂಡು ಓಡುತ್ತದೆ. ಪೂರ್ತಿ ಕೀ ಕೊಟ್ಟು, ಮೊಬೈಲಿನ ಟೈಮಿಗೆ ಹೊಂದಿಸಿ ಎರಡನ್ನೂ ಒಟ್ಟಿಗೆ ಫೋಟೋ ತೆಗೆಯಿರಿ, ನಾಳೆ ಇದೇ ಹೊತ್ತಿಗೆ ಮತ್ತೆ ತೆಗೆಯಿರಿ ಅಂದೆ. ಮರುದಿನ ನೋಡಿದರೆ ಎರಡು ನಿಮಿಷ ಹಿಂದೆ ಬಿದ್ದಿತ್ತು. ಇಷ್ಟು ವಯಸ್ಸಿನ ಮಷಿನಿಗೆ, ಎಣ್ಣೆ ಒಣಗಿದ್ದರೆ, ಅದು ಹೆದರುವ ಮಾತಲ್ಲ. ಇದರ ಬ್ಯಾಲೆನ್ಸ್ ಗಂಟೆಗೆ 18,000 ಸಲ ಬಡಿಯುತ್ತದೆ, ಸೆಕೆಂಡಿಗೆ ಐದು. ವಿಡಿಯೊದ ಸದ್ದನ್ನು ಕಿವಿಗೆ ಹಿಡಿದು ಕೇಳಿದೆ, ಎಲ್ಲೂ ಕುಂಟಲಿಲ್ಲ. ನೀಲಿಯವನಿಗೂ ಇದೇ ಮೂರು ಮಾತು ಕೇಳಿದ್ದೆ. 'ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ' ಅಂದ. ಬಿಟ್ಟೆವು.

ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಯಿತು. ವಾಚು ತಗೊಂಡು ಗಾಂಧಿ ಬಜಾರಿಗೆ ಹೋದೆ. ಅಲ್ಲಿ ಒಂದು ಸಣ್ಣ ಅಂಗಡಿಯಲ್ಲಿ ರಿಪೇರಿ ಮಾಡುವ ಅಜ್ಜ ಇದ್ದಾರೆ, ಹಳೆ ಎಚ್‌ಎಂಟಿ ಅಂದರೆ ಅವರ ಕೈ ತಾನಾಗಿ ಮುಂದೆ ಬರುತ್ತದೆ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಮುಚ್ಚಳ ತೆಗೆದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ "ಡಯಲ್ ಮೊದಲಿನದೇ. ಮುಳ್ಳೂ ಇದರದೇ" ಅಂದರು. ನನಗೆ ಅಷ್ಟೇ ಬೇಕಾಗಿದ್ದು.

"ಕೀ ತಿರುಪು ಮಾತ್ರ ಬೇರೆ ವಾಚಿಂದು ಕಣಮ್ಮ. ಸ್ವಲ್ಪ ದಪ್ಪ ಇದೆ ನೋಡು."

ಅದನ್ನು ನಾನು ಗಮನಿಸಿರಲಿಲ್ಲ. ಮಾರುವವರು ಎಲ್ಲ ಫೋಟೋವನ್ನೂ ನೇರವಾಗಿ ತೆಗೆದಿದ್ದರು, ಪಕ್ಕದಿಂದ ಒಂದೂ ಇರಲಿಲ್ಲ, ನಾನೂ ಕೇಳಲಿಲ್ಲ. ಇನ್ನು ಮೇಲೆ ಪಕ್ಕದ ಫೋಟೋ ಕೇಳದೆ ದುಡ್ಡು ಹಾಕುವುದಿಲ್ಲ. ಪಕ್ಕದಿಂದ ನೋಡಿದರೆ ಕೇಸನ್ನು ಎಷ್ಟು ಉಜ್ಜಿದ್ದಾರೆ ಅನ್ನುವುದೂ ಗೊತ್ತಾಗುತ್ತದೆ. ಬೆಲ್ಟು ಸಿಕ್ಕಿಸುವ ಕೊಂಬುಗಳ ಏಣು ಚೂಪಾಗಿದ್ದರೆ ಕಡಿಮೆ ಉಜ್ಜಿದ್ದಾರೆ, ಸೋಪಿನ ಹಾಗೆ ನುಣ್ಣಗಾಗಿದ್ದರೆ ಬಹಳ ಸಲ ಪಾಲಿಶ್ ಆಗಿದೆ. ಇದರದು ಪರವಾಗಿಲ್ಲ. ಕೈಗೆ ತಾಗುವ ಕಡೆ ಹೊಳಪಿನ ಲೇಪ ಹೋಗಿ ಕೆಳಗಿನ ಲೋಹ ಹಳದಿಯಾಗಿ ಕಾಣುತ್ತಿದೆ. ಬೆವರು ತಿಂದಿದ್ದು.

ತಿರುಪಿನ ದಂಡದ ಮೇಲೆ ಚೂರು ತುಕ್ಕಿದೆ, ಒಳಗೆ ಹರಡಿಲ್ಲ. ತೊಳೆದು ಎಣ್ಣೆ ಬಿಡುವುದಕ್ಕೆ, ಗಾಜು ಬದಲಿಸುವುದಕ್ಕೆ ಸೇರಿ 700 ಅಂದರು. "ಡಯಲಿಗೆ ಪಾಲಿಶ್ ಹಾಕಿಸ್ತೀರಾ?" ಅಂತ ಪಕ್ಕದಲ್ಲಿ ಕೂತಿದ್ದ ಹುಡುಗ ಕೇಳಿದ್ದಕ್ಕೆ ಅಜ್ಜ ನನಗಿಂತ ಮೊದಲೇ ಬೇಡ ಅಂದರು.

ಆಮೇಲೆ ಮುಚ್ಚಳದ ಒಳಮೈಯನ್ನು ನನ್ನ ಕಡೆ ತಿರುಗಿಸಿದರು. ಸೂಜಿಯಲ್ಲಿ ಗೀಚಿದ ಸಣ್ಣ ಅಂಕಿಗಳು. ರಿಪೇರಿಗೆ ಬಂದಾಗ ತಾರೀಕು ಗೀಚಿಡುವುದು ಈ ಕೆಲಸದವರ ಅಭ್ಯಾಸ. ಒಂದು 12-8-87. ಇನ್ನೊಂದು 94, ಪಕ್ಕದಲ್ಲಿ ಓದಲಾಗದ ಸಹಿಯಂಥ ಗೆರೆ. ಅಂದರೆ 87ರಷ್ಟೊತ್ತಿಗೆ ಇದನ್ನು ಯಾರೋ ರಿಪೇರಿಗೆ ಕೊಡುವಷ್ಟು ದಿನ ಕಟ್ಟಿಯಾಗಿತ್ತು, ಏಳು ವರ್ಷ ಬಿಟ್ಟು ಮತ್ತೆ ತಂದುಕೊಟ್ಟಿದ್ದಾರೆ. ನಾನು ಆ ಮುಚ್ಚಳ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ, ಅಜ್ಜನೇ "ಕೊಡಮ್ಮ, ಧೂಳು ಹೋಗುತ್ತೆ" ಅಂದರು.

ವಾಚು ಅಲ್ಲೇ ಬಿಟ್ಟು ಬಂದೆ, ಬುಧವಾರ ಕೊಡುತ್ತಾರೆ. ಎಣ್ಣೆ ಒಣಗಿದ ಮಷಿನನ್ನು ಸುಮ್ನೆ ಓಡಿಸಬಾರದು.

ರಾತ್ರಿ ಭಾವನ ಫೋನ್. ತಿರುಪಿನ ವಿಷಯ ಮೊದಲೇ ಹೇಳಿದೆ. "ಅದು ಹೋಗಲಿ ಬಿಡು, ಅಪ್ಪಯ್ಯನ ವಾಚಿಗೂ ಒಂದ್ಸಲ ಬದಲಿಸಿದ್ರು" ಅಂದರು. ಬುಧವಾರ ಹೇಗೂ ಅಡಿಕೆ ಮಂಡಿಗೆ ಬರುವುದಿದೆಯಂತೆ, ಅವರೇ ಹೋಗಿ ತಗೊಳ್ಳುತ್ತಾರೆ.

ಇಡುವ ಮೊದಲು, "ಆ ಮುಚ್ಚಳದ ಒಳಗಿನ ಫೋಟೋ ತೆಗೆದಿದ್ದೀಯಾ?" ಅಂತ ಕೇಳಿದರು.

ತೆಗೆದಿದ್ದೆ. ಕಳಿಸಿದೆ.